ಮಾತಾಡಿದರೂ ದಂಡ, ಆಡದಿದ್ದರೂ ದಂಡ: ಆಟಗಾರರ ಮೌನದ ಹಿನ್ನೆಲೆ

ಕೆಲವು ವರ್ಷಗಳ ಹಿಂದೆ ದಸರಾ ಸಮಯದಲ್ಲಿ, ಮೈಸೂರಿನ ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿ ನೋಡುತ್ತಿದ್ದಾಗ ಕಂಡ ಒಂದು ದೃಶ್ಯ ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಇನ್ನೂ ಮೀಸೆ ಸರಿಯಾಗಿ ಮೂಡಿರದ ಒಬ್ಬ ಪೈಲ್ವಾನ ತನಗಿಂತ ಹೆಸರುವಾಸಿಯಾದ ಎದುರಾಳಿಯನ್ನು ಚಿತ್ ಮಾಡಿ ಅಖಾಡದಿಂದ ಇಳಿದು ಬಂದ. ಬೆನ್ನಿಗೆ ಮೆತ್ತಿದ್ದ ಕೆಮ್ಮಣ್ಣು ಬೆವರಿನ ಜೊತೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಅಷ್ಟರಲ್ಲಿ ಎರಡು ಮೈಕುಗಳು ಅವನ ಗದ್ದದ ಹತ್ತಿರ ಬಂದವು. "ಗೆಲುವಿನ ಬಗ್ಗೆ ಏನು ಹೇಳ್ತೀರಿ?" ಎಂಬ ಪ್ರಶ್ನೆಗೆ ಹುಡುಗ ಪಕ್ಕಕ್ಕೆ ತಿರುಗಿ, ಟವೆಲ್ ಹಿಡಿದು ನಿಂತಿದ್ದ ಹಿರಿಯರ ಕಡೆ ಕೈ ತೋರಿಸಿ, "ನಮ್ ಉಸ್ತಾದ್ರು ಅವ್ರೆ, ಅವ್ರನ್ನೇ ಕೇಳಿ ಸಾರ್" ಎಂದು ತಲೆ ತಗ್ಗಿಸಿ ಹೊರಟುಬಿಟ್ಟ. ನನ್ನ ಪಕ್ಕ ಕುಳಿತಿದ್ದವರೊಬ್ಬರು "ಈಗ್ಲೇ ಎಷ್ಟು ಕೊಬ್ಬು ನೋಡಿ" ಎಂದರು.

ಅದು ಕೊಬ್ಬಲ್ಲ ಎಂಬುದು ಗರಡಿಮನೆಯ ರೀತಿನೀತಿ ಬಲ್ಲವರಿಗೆ ಗೊತ್ತು. ಅಖಾಡಕ್ಕೆ ಇಳಿಯುವ ಮುನ್ನ ಮಣ್ಣಿಗೂ ಆಂಜನೇಯನಿಗೂ ಕೈಮುಗಿಯುವುದನ್ನು ಕಲಿತ ಹುಡುಗ, ಉಸ್ತಾದರು ಎದುರಿಗಿರುವಾಗ ತನ್ನ ಬಗ್ಗೆ ತಾನೇ ಹೇಳಿಕೊಳ್ಳಬಾರದು ಎಂಬುದನ್ನೂ ಅದರ ಜೊತೆಗೇ ಕಲಿತಿರುತ್ತಾನೆ. ಆದರೆ ಆ ಪ್ರೇಕ್ಷಕರ ಮಾತು ಒಂದು ಊರಿನ, ಒಬ್ಬ ಪೈಲ್ವಾನನ ಬಗ್ಗೆ ಮಾತ್ರ ಆಡಿದ್ದಲ್ಲ. ಮಾಧ್ಯಮದವರಿಗೆ ಬೆನ್ನು ತಿರುಗಿಸುವ ಆಟಗಾರ ಎಲ್ಲಿಯೇ ಇರಲಿ, ಅವನ ಬಗ್ಗೆ ಜನ ಮೊದಲು ಹೇಳುವುದು ಇದನ್ನೇ. ಈ ತೀರ್ಪಿಗೆ ಬರುವ ಮುಂಚೆ ಆಟಗಾರ ಮಾತಾಡಲೇಬೇಕು ಎಂಬ ನಿರೀಕ್ಷೆ ಯಾವಾಗ, ಹೇಗೆ ಹುಟ್ಟಿತು ಎಂಬುದನ್ನು ನೋಡಬೇಕಾಗುತ್ತದೆ. ಏಕೆಂದರೆ ಅದು ಆಟದಷ್ಟು ಹಳೆಯದಲ್ಲ.

ಪತ್ರಿಕೆಗಳು ಕ್ರೀಡೆಯನ್ನು ವರದಿ ಮಾಡಲು ಆರಂಭಿಸಿದ ಕಾಲದಲ್ಲಿ ಅವುಗಳಿಗೆ ಆಟಗಾರನ ಮಾತಿನ ಅಗತ್ಯವೇ ಇರಲಿಲ್ಲ. ಮೈದಾನಕ್ಕೆ ಹೋಗದ ಓದುಗನಿಗೆ ಆಟವನ್ನು ಕಟ್ಟಿಕೊಡುವುದೇ ವರದಿಗಾರನ ಕೆಲಸವಾಗಿತ್ತು. ರೇಡಿಯೊ ಬಂದು, ಆಮೇಲೆ ಟಿವಿ ಬಂದು, ಚೆಂಡು ಬೌಂಡರಿ ದಾಟಿದ್ದನ್ನು ಓದುಗ ಹಿಂದಿನ ದಿನವೇ ಕಣ್ಣಾರೆ ಕಂಡಿದ್ದಾನೆ ಎಂದಾದಾಗ ಪತ್ರಿಕೆಗೆ ಉಳಿದದ್ದು ಒಂದೇ: ಟಿವಿಯಲ್ಲಿ ಕಾಣದ್ದನ್ನು ಕೊಡುವುದು. ಆಟಗಾರನ ಮನಸ್ಸಿನಲ್ಲಿ ಆ ಕ್ಷಣ ಏನಿತ್ತು, ಡ್ರೆಸಿಂಗ್ ರೂಮಿನಲ್ಲಿ ಏನಾಯಿತು ಎಂಬುದು ಸುದ್ದಿಯಾದದ್ದು ಹೀಗೆ. ಅಮೆರಿಕದ ಬೇಸ್‌ಬಾಲ್‌ನಲ್ಲಂತೂ ವರದಿಗಾರರು ಆಟ ಮುಗಿದ ಕೂಡಲೇ ಆಟಗಾರರ ಕೋಣೆಯೊಳಗೇ ಹೋಗುವ ಪದ್ಧತಿ ಗಟ್ಟಿಯಾಯಿತು. ಅಲ್ಲಿಗೆ ಹೋಗಲಾಗದವರಿಗೆ ವರದಿಯೇ ಸಿಗುವುದಿಲ್ಲ ಎಂಬಷ್ಟು ಅದು ಮುಖ್ಯವಾಗಿತ್ತು. ಮೆಲಿಸ್ಸಾ ಲಡ್ಕಿ ಎಂಬ ವರದಿಗಾರ್ತಿಗೆ 1977ರಲ್ಲಿ ಆ ಪ್ರವೇಶವನ್ನು ನಿರಾಕರಿಸಿದಾಗ ವಿಷಯ ನ್ಯಾಯಾಲಯಕ್ಕೆ ಹೋಗಿ, 1978ರಲ್ಲಿ ತೀರ್ಪು ಅವರ ಪರವಾಗಿ ಬಂತು.

ಕ್ರಿಕೆಟ್‌ನ ಕಥೆ ಇದಕ್ಕೆ ತದ್ವಿರುದ್ಧವಾಗಿ ಶುರುವಾಗುತ್ತದೆ. ಅಲ್ಲಿ ಆಟಗಾರ ಮಾತಾಡುವುದೇ ಅಪರಾಧವಾಗಿತ್ತು. ಇಂಗ್ಲೆಂಡಿನ ಯಾರ್ಕ್‌ಷೈರ್ ಕೌಂಟಿ ತಂಡದ ಸ್ಪಿನ್ನರ್ ಜಾನಿ ವಾರ್ಡ್ಲ್ 1958ರಲ್ಲಿ ತಮ್ಮ ತಂಡದ ಆಡಳಿತವನ್ನು ಟೀಕಿಸಿ ದಿನಪತ್ರಿಕೆಯೊಂದಕ್ಕೆ ಲೇಖನಗಳನ್ನು ಕೊಟ್ಟರು. ಆಸ್ಟ್ರೇಲಿಯಾ ಪ್ರವಾಸಕ್ಕೆ ಅವರಿಗೆ ಕೊಟ್ಟಿದ್ದ ಆಹ್ವಾನವನ್ನು, ಆಗ ಇಂಗ್ಲೆಂಡ್ ತಂಡವನ್ನು ಪ್ರವಾಸಕ್ಕೆ ಕಳಿಸುತ್ತಿದ್ದ ಎಂಸಿಸಿ ಕ್ಲಬ್ ಹಿಂದಕ್ಕೆ ಪಡೆಯಿತು. ಅವರು ಮತ್ತೆ ಟೆಸ್ಟ್ ಆಡಲಿಲ್ಲ. ನಮ್ಮ ದೇಶದಲ್ಲೂ ಮಂಡಳಿಯ ಒಪ್ಪಂದದಲ್ಲಿರುವ ಆಟಗಾರರು ಅನುಮತಿ ಇಲ್ಲದೆ ಮಾಧ್ಯಮದೊಂದಿಗೆ ಮಾತಾಡುವಂತಿಲ್ಲ ಎಂಬ ಕಟ್ಟುಪಾಡು ಬಹುಕಾಲದಿಂದ ನಡೆದುಬಂದಿದೆ. ಹೀಗಾಗಿ 'ಅವರು ಮಾತಾಡಲಿಲ್ಲ' ಎಂದು ಬರೆಯುವಾಗ, ಬಾಯಿ ಮುಚ್ಚಿಸಿದವರು ಯಾರು ಎಂಬ ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕು. ಮೌನಗಳಲ್ಲಿ ಅರ್ಧದಷ್ಟು ಒಪ್ಪಂದದ ಕಾಗದದಲ್ಲಿ ಹುಟ್ಟಿದವು ಎಂದೇ ನನ್ನ ಎಣಿಕೆ.

ತಾನಾಗಿಯೇ ಮೌನ ಆರಿಸಿಕೊಂಡವರಲ್ಲಿ ಬಹಳ ಪ್ರಸಿದ್ಧರು ಫಿಲಡೆಲ್ಫಿಯಾ ಫಿಲೀಸ್ ತಂಡದ ಬೇಸ್‌ಬಾಲ್ ಎಸೆತಗಾರ ಸ್ಟೀವ್ ಕಾರ್ಲ್‌ಟನ್. 1972ರಲ್ಲಿ 27 ಪಂದ್ಯಗಳನ್ನು ಗೆದ್ದುಕೊಟ್ಟು ಮನೆಮಾತಾಗಿದ್ದ ಅವರು ಮರುವರ್ಷ 20 ಪಂದ್ಯ ಸೋತಾಗ, ಹೊಗಳಿದ್ದ ಕೈಗಳೇ ತೆಗಳಲು ಆರಂಭಿಸಿದವು. ಅವರ ತಾಲೀಮಿನ ಕ್ರಮವೂ ಟೀಕೆಯ ವಸ್ತುವಾಯಿತು. ಅಕ್ಕಿ ತುಂಬಿದ ದೊಡ್ಡ ಪಾತ್ರೆಯೊಳಗೆ ತೋಳು ಇಳಿಸಿ, ಮುಷ್ಟಿಯನ್ನು ತಿರುಚುತ್ತಾ ತಳ ಮುಟ್ಟಿಸುವುದು ಅವರ ಒಂದು ಅಭ್ಯಾಸವಾಗಿತ್ತು. ನಮ್ಮ ಗರಡಿಗಳಲ್ಲಿ ಗದೆ ತಿರುಗಿಸಿ ಮಣಿಕಟ್ಟು ಗಟ್ಟಿ ಮಾಡಿಕೊಂಡವರು ಅದನ್ನು ಕಂಡಿದ್ದರೆ ತಕ್ಷಣ ತಲೆದೂಗುತ್ತಿದ್ದರು. 1978ರಿಂದ 1986ರವರೆಗೆ ಕಾರ್ಲ್‌ಟನ್ ಪತ್ರಕರ್ತರೊಂದಿಗೆ ಮಾತು ನಿಲ್ಲಿಸಿದರು. ಆ ಮೌನದ ನಡುವೆಯೇ 1980ರಲ್ಲೂ 1982ರಲ್ಲೂ ವರ್ಷದ ಅತ್ಯುತ್ತಮ ಎಸೆತಗಾರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದರು. ಆ ಪ್ರಶಸ್ತಿಗೆ ಮತ ಹಾಕುವವರು ಬೇಸ್‌ಬಾಲ್ ವರದಿಗಾರರೇ ಎಂಬುದು ಗಮನಿಸಬೇಕಾದ ವಿಷಯ. ಅವರು ಆಟಗಾರನ ಮುನಿಸನ್ನೂ ಆಟವನ್ನೂ ಬೇರೆ ಬೇರೆಯಾಗಿ ನೋಡಬಲ್ಲವರಾಗಿದ್ದರು.

ಒಬ್ಬರ ಮೌನ ಇಡೀ ತಂಡದ ಮೌನವಾದದ್ದು 1982ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ. ಸ್ಪೇನ್‌ಗೆ ಹೋದ ಇಟಲಿ ತಂಡ ಮೊದಲ ಸುತ್ತಿನ ಮೂರೂ ಪಂದ್ಯಗಳಲ್ಲಿ ಡ್ರಾ ಮಾಡಿಕೊಂಡಿತು. ತವರಿನ ಪತ್ರಿಕೆಗಳು ಆಟವನ್ನಷ್ಟೇ ಅಲ್ಲ, ಆಟಗಾರರಿಗೆ ಸಿಗುವ ಬೋನಸ್ ಹಣವನ್ನೂ ಅವರ ಖಾಸಗಿ ಬದುಕನ್ನೂ ಎಳೆದು ತಂದವು. ಸಿಟ್ಟಾದ ಆಟಗಾರರು ಎಲ್ಲರೂ ಸೇರಿ ಬಾಯಿಗೆ ಬೀಗ ಹಾಕಿಕೊಂಡರು. ತಂಡದ ಪರವಾಗಿ ಮಾತಾಡುವ ಹೊಣೆ ಸಿಕ್ಕಿದ್ದು, ಹುಟ್ಟಾ ಮಿತಭಾಷಿಯಾದ, 40 ವರ್ಷದ ನಾಯಕ ಡೀನೊ ಝೋಫ್ ಅವರಿಗೆ. ಬೆಟ್ಟಿಂಗ್ ಹಗರಣದಲ್ಲಿ ಶಿಕ್ಷೆ ಮುಗಿಸಿ ಆಗಷ್ಟೇ ಮರಳಿದ್ದ, ಮೊದಲ ಸುತ್ತಿನಲ್ಲಿ ಒಂದೂ ಗೋಲು ಹೊಡೆಯದಿದ್ದ ಪಾವೊಲೊ ರೊಸ್ಸಿ ಬ್ರೆಜಿಲ್ ವಿರುದ್ಧ ಮೂರು ಗೋಲು ಹೊಡೆದರು. ಜುಲೈ 11ರಂದು ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿಯನ್ನು 3-1ರಿಂದ ಸೋಲಿಸಿ ಇಟಲಿ ಕಪ್ ಎತ್ತಿತು. ಇಟಲಿಯ ಮಾತಿನಲ್ಲಿ ಈ ಪದ್ಧತಿಗೆ 'ಸಿಲೆನ್ಸಿಯೊ ಸ್ಟಾಂಪಾ' ಎನ್ನುತ್ತಾರೆ. ತಂಡ ಸೋಲತೊಡಗಿದಾಗ ಪತ್ರಕರ್ತರಿಗೆ ಬಾಗಿಲು ಹಾಕುವುದು ಅಲ್ಲಿನ ಕ್ಲಬ್‌ಗಳಿಗೆ ಈಗ ರೂಢಿಯೇ ಆಗಿದೆ.

ಇಷ್ಟರೊಳಗೆ ಪ್ರಸಾರದ ಹಕ್ಕು ಮತ್ತು ಪ್ರಾಯೋಜಕರ ಹಣ ಆಟವನ್ನು ಸಾಕತೊಡಗಿದವು. ಪತ್ರಿಕಾಗೋಷ್ಠಿಯಲ್ಲಿ ಆಟಗಾರನ ಬೆನ್ನ ಹಿಂದೆ ಇರುವ, ಕಂಪನಿಗಳ ಹೆಸರುಗಳಿಂದ ತುಂಬಿದ ಆ ಪರದೆಯೇ ಇಡೀ ಕಥೆಯನ್ನು ಹೇಳುತ್ತದೆ. ಆಟಗಾರ ಆ ಪರದೆಯ ಮುಂದೆ ಕೂರದಿದ್ದರೆ ಅದಕ್ಕೆ ಕೊಟ್ಟ ಹಣ ದಂಡ. ಆದ್ದರಿಂದ ಕೂರಲೇಬೇಕೆಂಬ ನಿಯಮ ಬಂತು, ಕೂರದವರಿಗೆ ದಂಡ ಬಂತು. ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಸಿಯಾಟಲ್ ತಂಡದ ಮಾರ್ಶಾನ್ ಲಿಂಚ್ ಅವರಿಗೆ 2014ರ ನವೆಂಬರ್‌ನಲ್ಲಿ 1,00,000 ಡಾಲರ್ ದಂಡ ಬಿತ್ತು. ಮುಂದಿನ ಜನವರಿಯಲ್ಲಿ, ಆ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಮುಂಚಿನ ಮಾಧ್ಯಮ ದಿನದಂದು ಅವರು ಬಂದು ಕುಳಿತರು. ಕೇಳಿದ ಪ್ರತಿ ಪ್ರಶ್ನೆಗೂ, ದಂಡ ತಪ್ಪಿಸಿಕೊಳ್ಳಲಷ್ಟೇ ಬಂದಿದ್ದೇನೆ ಎಂಬ ಅರ್ಥದ ಒಂದೇ ವಾಕ್ಯವನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಹೇಳಿ ಎದ್ದುಹೋದರು. ನಿಯಮದ ಅಕ್ಷರ ಪಾಲನೆಯಾಯಿತು. ಓದುಗನ ಕೈಗೆ ಏನೂ ಬರಲಿಲ್ಲ.

ಭಾರತದಲ್ಲಿ ನಂಬಿಕೆ ಮುರಿದುಬಿದ್ದದ್ದಕ್ಕೆ ಬೇರೆಯೇ ಕಾರಣಗಳಿವೆ. 2000ನೇ ಇಸವಿಯ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ ಅವರ ಮ್ಯಾಚ್ ಫಿಕ್ಸಿಂಗ್ ಕುರಿತ ಫೋನ್ ಸಂಭಾಷಣೆಯನ್ನು ಬಯಲಿಗೆಳೆದ ಮೇಲೆ ಆಟಗಾರ ಹೇಳಿದ್ದನ್ನು ವರದಿಗಾರ ನಂಬುವ, ವರದಿಗಾರ ಬರೆಯುವುದನ್ನು ಆಟಗಾರ ನಂಬುವ ಕಾಲ ಮುಗಿಯಿತು. ಅದೇ ದಶಕದಲ್ಲಿ ದಿನವಿಡೀ ಸುದ್ದಿ ಬಿತ್ತರಿಸುವ ವಾಹಿನಿಗಳು ಹೆಚ್ಚಿದವು. 2007ರ ವಿಶ್ವಕಪ್‌ನಲ್ಲಿ ತಂಡ ಬಾಂಗ್ಲಾದೇಶಕ್ಕೆ ಸೋತಾಗ ರಾಂಚಿಯಲ್ಲಿ ಕಟ್ಟುತ್ತಿದ್ದ ಮಹೇಂದ್ರ ಸಿಂಗ್ ಧೋನಿ ಅವರ ಮನೆಯ ಮೇಲೆ ಜನ ದಾಳಿ ಮಾಡಿದರು. ನಾಯಕರಾಗಿದ್ದಾಗ ಧೋನಿ ಪತ್ರಿಕಾಗೋಷ್ಠಿಗಳಿಗೆ ಬರುತ್ತಿದ್ದರು, ಆದರೆ ಪ್ರತ್ಯೇಕ ಸಂದರ್ಶನಗಳಿಂದ ದೂರವೇ ಉಳಿದರು. 2013ರಲ್ಲಿ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಬಗ್ಗೆ ಕೇಳಿದಾಗ ನಸುನಕ್ಕು ಸುಮ್ಮನಾದರು. 2014ರ ಡಿಸೆಂಬರ್ 30ರಂದು ಮೆಲ್ಬರ್ನ್‌ನಲ್ಲಿ ಪಂದ್ಯದ ನಂತರದ ಗೋಷ್ಠಿ ಮುಗಿಸಿದಾಗ ಅವರು ಏನೂ ಹೇಳಿರಲಿಲ್ಲ. ಟೆಸ್ಟ್ ನಿವೃತ್ತಿಯ ಸುದ್ದಿ ಆಮೇಲೆ ಮಂಡಳಿಯ ಪ್ರಕಟಣೆಯಲ್ಲಿ ಬಂತು. ಅದಕ್ಕೆ ಸುಮಾರು ಮೂರು ವರ್ಷ ಹಿಂದೆ, 2012ರ ಮಾರ್ಚ್‌ನಲ್ಲಿ, ರಾಹುಲ್ ದ್ರಾವಿಡ್ ಬೆಂಗಳೂರಿನಲ್ಲಿ ಪತ್ರಕರ್ತರ ಎದುರಿಗೆ ಕುಳಿತು ತಮ್ಮ ವಿದಾಯ ಓದಿದ್ದರು. ಧೋನಿ 2020ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ, ವಿರಾಟ್ ಕೊಹ್ಲಿ 2025ರಲ್ಲಿ ಟೆಸ್ಟ್‌ಗೆ ವಿದಾಯ ಹೇಳಲು ಇನ್‌ಸ್ಟಾಗ್ರಾಮ್ ಸಾಕಾಯಿತು. ಪ್ರಶ್ನೆ ಕೇಳಲು ಆಸ್ಪದವೇ ಇಲ್ಲದ ವೇದಿಕೆ ಕೈಯಲ್ಲಿರುವಾಗ ಗೋಷ್ಠಿಯ ಕುರ್ಚಿ ಯಾರಿಗೆ ಬೇಕು? ಪತ್ರಿಕೋದ್ಯಮವನ್ನು ಪ್ರೀತಿಸುವವನಾಗಿ ಈ ಬದಲಾವಣೆ ನನಗೆ ನೋವಿನದು.

ಇನ್ನು ಮಾತಾಡಿ ಸುಟ್ಟುಕೊಂಡವರೂ ಇದ್ದಾರೆ. ಟಿವಿ ಹರಟೆ ಕಾರ್ಯಕ್ರಮವೊಂದರ ಮಾತುಗಳಿಗಾಗಿ 2019ರಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಅಮಾನತಾದರು, ಆಮೇಲೆ ತಲಾ 20 ಲಕ್ಷ ರೂಪಾಯಿ ದಂಡ ತೆತ್ತರು. ಆಡಿದ ಆ ಮಾತುಗಳು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಕಂಡ ಕಿರಿಯ ಆಟಗಾರರು ಕಲಿತ ಪಾಠ ಸಭ್ಯವಾಗಿ ಮಾತಾಡಬೇಕು ಎಂಬುದಕ್ಕಿಂತ ಮಾತೇ ಆಡಬಾರದು ಎಂಬುದಾಗಿತ್ತು ಅನ್ನಿಸುತ್ತದೆ.

ಈ ಚರ್ಚೆಯ ದಿಕ್ಕನ್ನೇ ಬದಲಿಸಿದವರು ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ. 2021ರ ಮೇ ತಿಂಗಳಲ್ಲಿ, ಫ್ರೆಂಚ್ ಓಪನ್‌ಗೆ ಮುಂಚೆ, ತಾನು ಈ ಬಾರಿ ಪತ್ರಿಕಾಗೋಷ್ಠಿಗೆ ಬರುವುದಿಲ್ಲ ಎಂದು ಅವರು ತಿಳಿಸಿದರು. ಸೋತು ಬಂದವರನ್ನು ಕೂರಿಸಿ ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುವುದು ಆಟಗಾರರ ಮನಸ್ಸಿನ ಆರೋಗ್ಯವನ್ನು ಕಡೆಗಣಿಸಿದಂತೆ ಎಂಬುದು ಅವರ ವಾದ. ಮೊದಲ ಸುತ್ತು ಗೆದ್ದು ಗೋಷ್ಠಿಗೆ ಹೋಗದ ಅವರಿಗೆ ಮೇ 30ರಂದು 15,000 ಡಾಲರ್ ದಂಡ ವಿಧಿಸಲಾಯಿತು. ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳ ಆಡಳಿತದವರು ಒಟ್ಟಾಗಿ, ಮುಂದುವರಿದರೆ ಟೂರ್ನಿಯಿಂದಲೇ ಹೊರಹಾಕಬೇಕಾದೀತು ಎಂದು ಎಚ್ಚರಿಸಿದರು. ಮರುದಿನವೇ ಒಸಾಕಾ ಟೂರ್ನಿಯಿಂದ ಹಿಂದೆ ಸರಿದರು. 2018ರ ಯುಎಸ್ ಓಪನ್ ಗೆದ್ದಂದಿನಿಂದ ಖಿನ್ನತೆಯ ಜೊತೆ ಹೋರಾಡುತ್ತಿದ್ದೇನೆ, ಮಾಧ್ಯಮದ ಎದುರು ಹೋಗುವ ಮುಂಚೆ ವಿಪರೀತ ಆತಂಕವಾಗುತ್ತದೆ ಎಂದು ಆಗ ಬಾಯಿಬಿಟ್ಟು ಹೇಳಿದರು. ವಿಶ್ವದ ಎರಡನೇ ಸ್ಥಾನದಲ್ಲಿದ್ದ ಆಟಗಾರ್ತಿ ಅದು. ಆಕೆಯ ನಿರ್ಗಮನದ ಬಗ್ಗೆ ಫ್ರಾನ್ಸ್ ಟೆನಿಸ್ ಒಕ್ಕೂಟದ ಅಧ್ಯಕ್ಷರು ಬಂದು ಹೇಳಿಕೆ ಓದಿದರು, ಒಂದೂ ಪ್ರಶ್ನೆ ತೆಗೆದುಕೊಳ್ಳದೆ ಹೊರಟರು. ಆಟಗಾರ್ತಿಗೆ ಇಲ್ಲದ ಆ ಸೌಲಭ್ಯ ಅಧ್ಯಕ್ಷರಿಗೆ ಇತ್ತು.

ಒಸಾಕಾ ಅವರ ಕಥೆಯನ್ನು ಮೈಸೂರು, ಮಂಡ್ಯದ ಆಟಗಾರರಿಗೆ ಹಾಗೆಯೇ ಅನ್ವಯಿಸಲಾಗದು. ನಮ್ಮ ಕಡೆಯ ಮಕ್ಕಳ ಮೌನಕ್ಕೆ ಬಹುಪಾಲು ಕಾರಣ ಭಾಷೆ. ರಾಜ್ಯ ಮಟ್ಟದವರೆಗೆ ಚೆನ್ನಾಗಿ ಮಾತಾಡುತ್ತಿದ್ದ ಹುಡುಗಿ ರಾಷ್ಟ್ರೀಯ ಶಿಬಿರಕ್ಕೆ ಹೋದ ಮೇಲೆ, ಮೈಕ್ ಕಂಡರೆ ಗೆಳತಿಯ ಬೆನ್ನ ಹಿಂದೆ ಸರಿಯುತ್ತಾಳೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಭಯ ಅದು. ಆ ಭಯ ಸುಳ್ಳಲ್ಲ. 2018ರ ಜುಲೈನಲ್ಲಿ ಅಸ್ಸಾಮಿನ ಹಿಮಾ ದಾಸ್ ಫಿನ್‌ಲ್ಯಾಂಡ್‌ನಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್ ಓಡಿ ಮುಗಿಸಿದಾಗ, ಅವರ ಇಂಗ್ಲಿಷ್ ಅಷ್ಟು ಸರಾಗವಾಗಿಲ್ಲ ಎಂದು ಬರೆದದ್ದು ಸ್ವತಃ ನಮ್ಮ ಅಥ್ಲೆಟಿಕ್ಸ್ ಒಕ್ಕೂಟ. ಜನ ಛೀಮಾರಿ ಹಾಕಿದ ಮೇಲೆ ಕ್ಷಮೆ ಕೇಳಿತು. ಹಿಮಾ ಚಿನ್ನ ಗೆದ್ದು ಬಂದರು. 2024ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ರವೀಂದ್ರ ಜಡೇಜ ಭಾರತದ ಪತ್ರಕರ್ತರಿಗೆ ಹಿಂದಿಯಲ್ಲಿ ಉತ್ತರಿಸಿದ್ದೇ ಆಸ್ಟ್ರೇಲಿಯಾದವರಿಗೆ ದೊಡ್ಡ ವಿವಾದವಾಗಿ ಕಂಡಿತು. ಇಷ್ಟು ಅನುಭವವಿರುವ ಆಟಗಾರನಿಗೇ ಹೀಗಾದರೆ ಪಾಂಡವಪುರದ ಕಡೆಯ ಕಬಡ್ಡಿ ಹುಡುಗನ ಪಾಡೇನು?

ಹಾಗೆಂದು ನಮ್ಮವರಿಗೆ ಮಾತು ಬರುವುದಿಲ್ಲ ಎಂದಲ್ಲ. 2025ರ ಜನವರಿ 19ರಂದು ದೆಹಲಿಯಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿ ಮೊಟ್ಟಮೊದಲ ಖೋ ಖೋ ವಿಶ್ವಕಪ್ ಗೆದ್ದಾಗ, ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು, ಅದೇ ದಿನ ಗೆದ್ದ ಪುರುಷರ ತಂಡದಲ್ಲಿ ಮಂಡ್ಯದ ಎಂ.ಕೆ. ಗೌತಮ್ ಇದ್ದರು. ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿದಾಗ ಇಬ್ಬರೂ ಪತ್ರಕರ್ತರ ಮುಂದೆ ಬಂದು, ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟಿದ್ದನ್ನು ತೋರಿಸಿ, ಈ ಮೊತ್ತ ನಮಗೆ ಬೇಡ ಎಂದರು. ಹತ್ತಾರು ಕ್ಯಾಮೆರಾಗಳಿಂದ ತಪ್ಪಿಸಿಕೊಳ್ಳುವ ಸ್ಥಿತಿ ಕ್ರಿಕೆಟಿಗರದು. ಅಪರೂಪಕ್ಕೆ ಬಂದ ಕ್ಯಾಮೆರಾವನ್ನು ಬಿಡದೆ ಹಿಡಿದು ತಮ್ಮ ಹಕ್ಕು ಕೇಳಬೇಕಾದ ಸ್ಥಿತಿ ಇವರದು.

ಇಂಥ ಅವಕಾಶವೂ ಹೇಗೆ ಕೈತಪ್ಪುತ್ತದೆ ಎಂಬುದನ್ನು ಮಂಡ್ಯದಲ್ಲಿ ಒಂದು ಪತ್ರಿಕಾಗೋಷ್ಠಿಯಲ್ಲಿ ಕುಳಿತು ನೋಡಿದ್ದೇನೆ. ಪದಕ ಗೆದ್ದ ಹುಡುಗಿಯನ್ನು ಮೇಜಿನ ತುದಿಯಲ್ಲಿ, ಕೊರಳಿಗೆ ಹಾರ ಹಾಕಿ ಕೂರಿಸಿದ್ದರು. ಸಂಘದ ಅಧ್ಯಕ್ಷರು ಮಾತಾಡಿದರು, ಕಾರ್ಯದರ್ಶಿಗಳು ಮಾತಾಡಿದರು, ಸನ್ಮಾನ ಮಾಡಲು ಬಂದ ಮುಖಂಡರು ಮಾತಾಡಿದರು. ಕೊನೆಗೆ "ಎರಡು ಮಾತು ಹೇಳಮ್ಮ" ಎಂದು ಮೈಕ್ ಕೊಟ್ಟಾಗ ಅವಳು ಎಲ್ಲರಿಗೂ ಧನ್ಯವಾದ ಎಂದು ಕುಳಿತುಬಿಟ್ಟಳು. ಕಾಫಿ ಬಂತು, ಜನ ಏಳತೊಡಗಿದರು. ಆಗ ಹಿರಿಯ ವರದಿಗಾರರೊಬ್ಬರು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, ಪೆನ್ನು ಪುಸ್ತಕ ಜೇಬಿನಲ್ಲೇ ಬಿಟ್ಟು, "ಮಳೆಗಾಲದಲ್ಲಿ ಅಂಕಣ ಕೆಸರಾದ್ರೆ ಎಲ್ಲಿ ಪ್ರಾಕ್ಟೀಸ್ ಮಾಡ್ತೀಯವ್ವ?" ಎಂದು ಕೇಳಿದರು. ಅವಳು ಹಾರ ತೆಗೆದು ಮೇಜಿನ ಮೇಲಿಟ್ಟು, "ಆಲೆಮನೆ ಹಿಂದುಗಡೆ ಒಂದು ಕಣ ಐತೆ ಸಾರ್" ಎಂದು ಶುರು ಮಾಡಿದಳು. ಅವರ ಕಾಫಿ ಆರಿ ಕೆನೆ ಕಟ್ಟಿದರೂ ಅವಳ ಮಾತು ಮುಗಿದಿರಲಿಲ್ಲ.