ಚಿಂತೆಗೆ ಕಲ್ಪನೆಯೇ ಮದ್ದು

ಆತಂಕದಿಂದ ಬಳಲುವವರು ಮೊದಲ ಭೇಟಿಯಲ್ಲೇ ಹೇಳುವ ಮಾತೊಂದಿದೆ: "ನನಗೆ ಕಲ್ಪನೆ ಜಾಸ್ತಿ, ಅದೇ ನನ್ನ ತೊಂದರೆ." ಮನೆಯವರೂ ಅದನ್ನೇ ಹೇಳಿ ಕಳುಹಿಸಿರುತ್ತಾರೆ. ಇಲ್ಲದ್ದನ್ನೆಲ್ಲ ಊಹಿಸಿಕೊಂಡು ಕೊರಗುತ್ತಾಳೆ, ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾನೆ ಎಂದು. ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯಾಗಿ ಬಹಳ ವರ್ಷಗಳಿಂದ ಈ ಮಾತನ್ನು ಕೇಳುತ್ತಾ ಬಂದಿದ್ದೇನೆ. ಒಪ್ಪಲು ಮಾತ್ರ ನನ್ನಿಂದ ಆಗಿಲ್ಲ. ನನ್ನ ಮುಂದೆ ಕುಳಿತು ಹೀಗೆ ಹೇಳುವವರಲ್ಲಿ ಹೆಚ್ಚಿನವರ ಕಲ್ಪನೆ ಅರ್ಧ ದಾರಿಯಲ್ಲೇ ನಿಂತುಬಿಟ್ಟಿರುತ್ತದೆ.

ಒಂದು ಮಾತುಕತೆಯನ್ನು ನೋಡಿ. ಇದು ಯಾರೋ ಒಬ್ಬರದಲ್ಲ, ಹಲವರ ಮಾತುಗಳನ್ನು ಸೇರಿಸಿ ಬರೆದದ್ದು.

"ಕೆಲಸ ಹೋದರೆ ಏನು ಗತಿ ಎಂಬ ಯೋಚನೆ ಬಿಡುವುದೇ ಇಲ್ಲ ಮೇಡಂ. ರಾತ್ರಿಯೆಲ್ಲ ಅದೇ."

"ಹೋಯಿತು ಎಂದೇ ಇಟ್ಟುಕೊಳ್ಳೋಣ. ಆ ಸುದ್ದಿಯನ್ನು ನಿಮಗೆ ಯಾರು ಹೇಳುತ್ತಾರೆ?"

"ಯಾರಾದರೂ ಹೇಳುತ್ತಾರೆ..."

"ಬೆಳಿಗ್ಗೆಯೋ, ಸಂಜೆಯೋ? ನೀವು ಆಗ ಕುಳಿತಿದ್ದೀರೋ, ನಿಂತಿದ್ದೀರೋ?"

ಸ್ವಲ್ಪ ಹೊತ್ತು ಮೌನ. "ಅಷ್ಟು ದೂರ ಯೋಚಿಸಿಲ್ಲ ಮೇಡಂ."

ತಿಂಗಳುಗಟ್ಟಲೆ ನಿದ್ದೆಗೆಟ್ಟವರು ಹೇಳುವ ಮಾತಿದು. ಅವರು ಸುಳ್ಳು ಹೇಳುತ್ತಿಲ್ಲ. 'ಏನು ಗತಿ' ಎಂಬ ಪ್ರಶ್ನೆಯೇ ಸಾವಿರ ಸಲ ಸುತ್ತಿದೆ, ಅದಕ್ಕೊಂದು ಉತ್ತರವನ್ನು ಮನಸ್ಸು ಒಮ್ಮೆಯೂ ಕಟ್ಟಿಕೊಂಡಿಲ್ಲ. ಆಗ ನಾವಿಬ್ಬರೂ ಸೇರಿ ಕಟ್ಟುತ್ತೇವೆ. ಮೇಲಧಿಕಾರಿಯ ಕೋಣೆಯಿಂದ ಹೊರಬಂದು ಮೊದಲು ಯಾರಿಗೆ ಹೇಳುತ್ತೀರಿ, ಅವರ ಮುಖ ಹೇಗಾಗುತ್ತದೆ, ಅಂದು ರಾತ್ರಿ ಏನಾಗುತ್ತದೆ, ಆಮೇಲೇನು? ಅಲ್ಲಿಯವರೆಗೆ ಅಳು ಬರುತ್ತದೆ, ಕೈ ಬೆವರುತ್ತದೆ. ಮರುದಿನ ಬೆಳಗಿನ ಹೊತ್ತಿಗೆ ಬಂದಾಗ ಸಾಮಾನ್ಯವಾಗಿ ದನಿ ಬದಲಾಗುತ್ತದೆ. "ಹಳೆಯ ಸಹೋದ್ಯೋಗಿಗೆ ಒಂದು ಫೋನ್ ಮಾಡಬಹುದು" ಎಂಬಂಥ ಮಾತು ಮೊದಲ ಬಾರಿಗೆ ಬಾಯಿಗೆ ಬರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಚಿಂತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಚಿಂತೆ ಬಹುಪಾಲು ಮಾತುಗಳಲ್ಲಿ ಹರಿಯುತ್ತದೆ, ಅದರಲ್ಲಿ ಚಿತ್ರಗಳು ಕಡಿಮೆ ಎಂಬುದು ಅವರ ವಾದ. ಕಣ್ಣಿಗೆ ಕಟ್ಟಿದಂತೆ ನೆನೆದರೆ ದೇಹ ಎಚ್ಚರಗೊಳ್ಳುತ್ತದೆ, ಎದೆ ಬಡಿದುಕೊಳ್ಳುತ್ತದೆ. ಮಾತಿನಲ್ಲಿ ಯೋಚಿಸಿದರೆ ಆ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಹಾಗಾಗಿ ಮನಸ್ಸು ಚಿತ್ರದಿಂದ ತಪ್ಪಿಸಿಕೊಂಡು ಮಾತಿನ ಮರೆಗೆ ಓಡುತ್ತದೆ. ಆ ಹೊತ್ತಿಗೆ ಒಂದಿಷ್ಟು ನೆಮ್ಮದಿ ಸಿಕ್ಕರೂ ಎದುರಿಸದ ಭಯ ಸವೆಯುವುದೇ ಇಲ್ಲ.

ಎಲ್ಲರ ಕಥೆಯೂ ಹೀಗೆಯೇ ಎನ್ನಲಾರೆ. ಅಪಘಾತ, ಹಿಂಸೆಗಳನ್ನು ಕಂಡವರಿಗೆ ಕರೆಯದೆಯೇ ಚಿತ್ರಗಳು ನುಗ್ಗುತ್ತವೆ, ಅದೂ ಬಹಳ ಸ್ಪಷ್ಟವಾಗಿ. ಅವರ ಕೆಟ್ಟ ಕನಸುಗಳು ರಾತ್ರಿ ರಾತ್ರಿಯೂ ಅದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಇಲ್ಲಿ ಬಳಸುವ ಒಂದು ವಿಧಾನ ನನಗೆ ಇಂದಿಗೂ ಅಚ್ಚರಿ ತರುತ್ತದೆ. ಹಗಲು ಹೊತ್ತಿನಲ್ಲಿ ಎಚ್ಚರವಿದ್ದಾಗಲೇ ಆ ಕನಸನ್ನು ಬರೆಯಬೇಕು. ಬಳಿಕ ಅದರಲ್ಲಿ ತಮಗೆ ತೋಚಿದ್ದನ್ನು ಬದಲಿಸಿ ಹೊಸದಾಗಿ ಬರೆದು, ಆ ಹೊಸ ರೂಪವನ್ನು ದಿನವೂ ಕೆಲವು ನಿಮಿಷ ಮನಸ್ಸಿನಲ್ಲಿ ನಡೆಸಿ ನೋಡಬೇಕು. ಬದಲಾವಣೆ ದೊಡ್ಡದಾಗಿರಬೇಕಿಲ್ಲ. ಕತ್ತಲ ಓಣಿಯಲ್ಲಿ ಯಾರೋ ಅಟ್ಟಿಸಿಕೊಂಡು ಬರುವ ಕನಸಿನಲ್ಲಿ ಬೆನ್ನಟ್ಟುವವನನ್ನು ಹಾಗೆಯೇ ಬಿಟ್ಟು, ಓಣಿಯ ದೀಪಗಳನ್ನು ಹೊತ್ತಿಸಿದರೂ ಸಾಕು. ಬ್ಯಾರಿ ಕ್ರಾಕೋವ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ ಮಹಿಳೆಯರ ದುಃಸ್ವಪ್ನಗಳು ಈ ಅಭ್ಯಾಸದಿಂದ ಗಣನೀಯವಾಗಿ ಕಡಿಮೆಯಾದವು. ಆಳವಾದ ಆಘಾತವಿದ್ದವರು ಇದನ್ನು ಒಬ್ಬರೇ ಮಾಡಹೋಗಬಾರದು, ತಜ್ಞರ ಜೊತೆಯಲ್ಲೇ ಮಾಡಬೇಕು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಎಂದೂ ನಡೆಯದ ದೃಶ್ಯವನ್ನು ಮಿದುಳು ಹೇಗೆ ಕಟ್ಟುತ್ತದೆ? ನೆನಪಿನ ಕೋಣೆಯಿಂದ ಸಾಮಗ್ರಿ ತಂದು. ಲಂಡನ್ನಿನಲ್ಲಿ ಡೆಮಿಸ್ ಹಸಾಬಿಸ್, ಎಲೀನರ್ ಮೆಗ್ವೈರ್ ಮತ್ತಿತರರು ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗಕ್ಕೆ ಹಾನಿಯಾಗಿ ನೆನಪು ಕಳೆದುಕೊಂಡಿದ್ದವರಿಗೆ ಒಂದು ಕಡಲತೀರವನ್ನು ಕಲ್ಪಿಸಿಕೊಳ್ಳಲು ಹೇಳಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೆಚ್ಚಿನವರಿಗೆ ಬಿಡಿ ಬಿಡಿ ಚೂರುಗಳಷ್ಟೇ ಸಿಕ್ಕವು. ಆಕಾಶವಿದೆ, ಹಕ್ಕಿಯ ದನಿಯಿದೆ, ಅವೆಲ್ಲ ಸೇರಿ ಒಂದು ಜಾಗ ಆಗುವುದಿಲ್ಲ. ಹಿಂದಿನದನ್ನು ನೆನೆಯುವ ಶಕ್ತಿಯೂ ಮುಂದಿನದನ್ನು ಊಹಿಸುವ ಶಕ್ತಿಯೂ ಒಂದೇ ಬೇರಿನವು. ಅನುಭವವನ್ನು ಗಮನಿಸದೆ ದಾಟಿಹೋಗುವವರಿಗೆ ಕಲ್ಪನೆಯೂ ಬಡವಾಗುತ್ತದೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಕಥೆ, ಕಾದಂಬರಿಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದೂ ಇದಕ್ಕೇ. ಒಳ್ಳೆಯ ಕಥೆಗಾರ 'ಅವಳಿಗೆ ದುಃಖವಾಯಿತು' ಎಂದು ಹೇಳಿ ಮುಂದೆ ಹೋಗುವುದಿಲ್ಲ. ಅವಳು ಮಡಚಿದ್ದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚಿದಳು ಎಂದು ಬರೆಯುತ್ತಾನೆ. ಆ ಬಟ್ಟೆಯ ಬಣ್ಣ, ಕೋಣೆಯ ಬೆಳಕು, ಅವಳ ಬೆರಳುಗಳು ಪುಟದಲ್ಲಿಲ್ಲ. ಅವನ್ನು ಓದುಗನೇ ತನ್ನ ನೆನಪಿನಿಂದ ತಂದು ತುಂಬಬೇಕು. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಸಂಸ್ಕೃತದ ಕಾವ್ಯಮೀಮಾಂಸಕ ರಾಜಶೇಖರ ಪ್ರತಿಭೆಯಲ್ಲಿ ಎರಡು ಬಗೆ ಕಂಡ. ಕವಿಯದು ಕಾರಯಿತ್ರಿ, ಅಂದರೆ ಸೃಷ್ಟಿಸುವ ಪ್ರತಿಭೆ; ಸಹೃದಯನದು ಭಾವಯಿತ್ರಿ, ಅಂದರೆ ಓದಿ ಸವಿಯುವ ಪ್ರತಿಭೆ. ಓದುಗನಿಗೂ ಪ್ರತಿಭೆ ಬೇಕು ಎಂಬ ಆ ತಿಳಿವಳಿಕೆ ನನ್ನ ಕೆಲಸಕ್ಕೆ ಎಷ್ಟೋ ಪಠ್ಯಪುಸ್ತಕಗಳಿಗಿಂತ ಹತ್ತಿರವಾಗಿದೆ. ಕಥೆ ಓದುವ ರೂಢಿಯಿದ್ದವರು ತಮ್ಮ ನೋವನ್ನು ವಿವರವಾಗಿ ಹೇಳಬಲ್ಲರು. ವಿವರ ಸಿಕ್ಕರೆ ಕೆಲಸ ಶುರುವಾಯಿತೆಂದೇ ಅರ್ಥ.

ವಿಜ್ಞಾನದಲ್ಲೂ 'ಆಮೇಲೇನು?' ಎಂದು ಕೇಳುತ್ತಾ ಹೋದವರೇ ಗೆದ್ದಿದ್ದಾರೆ. ಭಾರವಾದ ವಸ್ತು ಹೆಚ್ಚು ವೇಗವಾಗಿ ಬೀಳುತ್ತದೆ ಎಂಬ ನಂಬಿಕೆಯನ್ನು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಯೋಚನೆಯಿಂದಲೇ ಮುರಿದ. ದೊಡ್ಡ ಕಲ್ಲಿಗೆ ಸಣ್ಣ ಕಲ್ಲನ್ನು ಕಟ್ಟಿ ಬಿಟ್ಟರೆ ಏನಾದೀತು? ನಿಧಾನವಾಗಿ ಬೀಳುವ ಸಣ್ಣದು ದೊಡ್ಡದನ್ನು ಹಿಂದಕ್ಕೆ ಜಗ್ಗಬೇಕು. ಆದರೆ ಎರಡೂ ಸೇರಿ ಇನ್ನೂ ಭಾರವಾದದ್ದರಿಂದ ಇನ್ನೂ ಬೇಗ ಬೀಳಬೇಕು. ಎರಡೂ ನಿಜವಾಗಲಾರದು, ಆದ್ದರಿಂದ ಮೂಲ ನಂಬಿಕೆಯೇ ತಪ್ಪು.

ಇನ್ನು ದಿನನಿತ್ಯದ ಮಾತು. 'ಯಶಸ್ಸನ್ನು ಕಣ್ಣ ಮುಂದೆ ತಂದುಕೊಳ್ಳಿ, ಅದು ತಾನಾಗಿ ಬರುತ್ತದೆ' ಎಂಬ ಉಪದೇಶವನ್ನು ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಎಂದು ಹಿರಿಯರು ಎಚ್ಚರಿಸಿದ್ದು ಸುಮ್ಮನೆ ಅಲ್ಲ. 1999ರಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಪರೀಕ್ಷೆಯ ಮುನ್ನಾದಿನಗಳಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಒಳ್ಳೆಯ ಅಂಕ ಬಂದಂತೆ ಕಲ್ಪಿಸಿಕೊಳ್ಳಲು ಹೇಳಿದರು. ಇನ್ನೊಂದು ಗುಂಪು ತಾವು ಓದಲು ಕುಳಿತಂತೆ, ಟಿಪ್ಪಣಿಗಳನ್ನು ತಿರುವಿದಂತೆ ಕಲ್ಪಿಸಿಕೊಳ್ಳಬೇಕಿತ್ತು. ಓದಿನ ಹೆಜ್ಜೆಗಳನ್ನು ನೆನೆದವರೇ ಹೆಚ್ಚು ಓದಿದರು, ಅವರ ಆತಂಕವೂ ಇಳಿಯಿತು, ಅಂಕಗಳೂ ಉತ್ತಮವಾಗಿದ್ದವು. ಕಷ್ಟದ ಮಾತೊಂದನ್ನು ಯಾರಿಗಾದರೂ ಹೇಳಬೇಕಾದವರಿಗೂ ನಾನು ಇದನ್ನೇ ಸೂಚಿಸುತ್ತೇನೆ. ಅವರು ಕೊನೆಗೆ ಒಪ್ಪಿಕೊಂಡ ದೃಶ್ಯ ಬೇಡ. ನಿಮ್ಮ ಮೊದಲ ವಾಕ್ಯ ಯಾವುದು, ಅವರು ಸಿಡುಕಿದರೆ ನಿಮ್ಮ ಎರಡನೆಯ ವಾಕ್ಯ ಯಾವುದು ಎಂಬುದನ್ನು ನೋಡಿಕೊಳ್ಳಿ.

ಕಣ್ಣು ಮುಚ್ಚಿದರೆ ಏನೂ ಕಾಣಿಸದವರು ಏನು ಮಾಡಬೇಕು ಎಂದು ಕೆಲವರು ಕೇಳುತ್ತಾರೆ. ಅಂಥವರು ಇದ್ದಾರೆ. 1880ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಮನಸ್ಸಿನ ಚಿತ್ರಗಳ ಬಗ್ಗೆ ವಿಚಾರಿಸಿದಾಗ ಹಲವು ವಿಜ್ಞಾನಿಗಳು ಅಂಥದ್ದೊಂದು ಇದೆ ಎಂಬುದನ್ನೇ ನಂಬಲಿಲ್ಲ. ಈ ಸ್ಥಿತಿಗೆ 'ಅಫ್ಯಾಂಟೇಸಿಯ' ಎಂಬ ಹೆಸರನ್ನು ಆಡಮ್ ಜೀಮನ್ ಮತ್ತು ಸಂಗಡಿಗರು ಕೊಟ್ಟದ್ದು 2015ರಲ್ಲಿ. ಇದು ರೋಗವಲ್ಲ, ಕಲ್ಪನೆಯ ಕೊರತೆಯೂ ಅಲ್ಲ. ಇಂಥವರ ಜೊತೆ ಕೆಲಸ ಮಾಡುವಾಗ 'ಏನು ಕಾಣಿಸುತ್ತಿದೆ?' ಎಂದು ಕೇಳುವುದನ್ನು ಬಿಟ್ಟು, 'ಮೊದಲು ಏನಾಗುತ್ತದೆ, ಆಗ ನಿಮ್ಮ ಕೈ ಎಲ್ಲಿರುತ್ತದೆ, ಅವರು ಏನೆನ್ನುತ್ತಾರೆ?' ಎಂದು ಕೇಳುತ್ತೇನೆ. ಘಟನೆಗಳ ಸರಣಿ ಅವರಿಗೂ ಸಿಗುತ್ತದೆ, ಕೆಲವೊಮ್ಮೆ ಚಿತ್ರ ಕಾಣುವವರಿಗಿಂತ ಬೇಗನೆ.