ರೇಖೆಗೂ ವಕ್ರರೇಖೆಗೂ ನಡುವಿನ ವಿಸ್ತೀರ್ಣ: ಅನುಕಲನ ಇಲ್ಲಿ ಅಳೆಯುವುದು ಏನನ್ನು?

ಒಂದು ಸರಳರೇಖೆ ಒಂದು ವಕ್ರರೇಖೆಯನ್ನು ಎರಡು ಕಡೆ ಕತ್ತರಿಸಿದರೆ ಮಧ್ಯೆ ಒಂದಿಷ್ಟು ಜಾಗ ಸಿಕ್ಕಿಕೊಳ್ಳುತ್ತದೆ. ಅದರ ಒಂದು ಬದಿ ನೇರ, ಇನ್ನೊಂದು ಬದಿ ಬಾಗು. ಆ ಜಾಗ ಎಷ್ಟಿದೆ ಅನ್ನುವುದೇ ರೇಖೆಗೂ ವಕ್ರರೇಖೆಗೂ ನಡುವಿನ ವಿಸ್ತೀರ್ಣ. ತ್ರಿಕೋನ, ಆಯತ, ವೃತ್ತಕ್ಕೆಲ್ಲ ಶಾಲೆಯಲ್ಲೇ ಸೂತ್ರ ಕಲಿತಿರುತ್ತೇವೆ. ಇಂಥ ಆಕಾರ ಬಂದಾಗ ಅವು ಸಾಲುವುದಿಲ್ಲ. ಆಗ ಅನುಕಲನ, ಅಂದರೆ ಇಂಟಿಗ್ರೇಷನ್, ಬೇಕಾಗುತ್ತದೆ.

ಪಿಯುಸಿ ಹುಡುಗರು ಇದನ್ನು ಸಾಮಾನ್ಯವಾಗಿ ಬಾಯಿಪಾಠ ಮಾಡಿಕೊಳ್ಳುತ್ತಾರೆ: ಮೇಲಿನದರಿಂದ ಕೆಳಗಿನದನ್ನು ಕಳೆ, ಅನುಕಲಿಸು, ಮಿತಿ ಹಾಕು. ಸೂತ್ರ ಸರಿಯೇ. ಆದರೆ ಅಳೆಯುತ್ತಿರುವುದು ಏನನ್ನು ಅಂತ ಗೊತ್ತಾದರೆ ಬಾಯಿಪಾಠವೇ ಬೇಡ. ನಾವು ಅಳೆಯುತ್ತಿರುವುದು ಅಂತರವನ್ನು. ಒಂದೊಂದು ಜಾಗದಲ್ಲೂ ಎರಡರ ನಡುವೆ ಎಷ್ಟು ಎತ್ತರದ ಅಂತರವಿದೆ ನೋಡಬೇಕು, ಅದನ್ನು ಎಡದಿಂದ ಬಲಕ್ಕೆ ಕೂಡಿಸುತ್ತಾ ಹೋಗಬೇಕು. ∫ ಅನ್ನುವ ಗುರುತೂ ಕೂಡಿಸು ಅಂತಲೇ ಹೇಳುತ್ತದೆ. 1675ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಮೊತ್ತವನ್ನು ಸೂಚಿಸಲು ಬಳಸಿದ ಉದ್ದನೆಯ ‘ಎಸ್’ ಅಕ್ಷರ ಅದು.

ಒಂದು ಲೆಕ್ಕ ಪೂರ್ತಿ ಮಾಡೋಣ. ವಕ್ರರೇಖೆ ವೈ = ಎಕ್ಸ್² ಇರಲಿ, ಇದು ಪರವಲಯ, ಅಂದರೆ ಬಟ್ಟಲಿನಂತೆ ಬಾಗಿದ ಗೆರೆ (ಪ್ಯಾರಾಬೋಲಾ). ಸರಳರೇಖೆ ವೈ = ಎಕ್ಸ್ + 2.

ಮೊದಲು ಇವೆರಡೂ ಎಲ್ಲಿ ಸೇರುತ್ತವೆ ನೋಡಬೇಕು. ಎಕ್ಸ್² = ಎಕ್ಸ್ + 2 ಅಂತ ಬರೆದು ಬಿಡಿಸಿದರೆ (ಎಕ್ಸ್ − 2)(ಎಕ್ಸ್ + 1) = 0 ಬರುತ್ತದೆ. ಅಂದರೆ ಎಕ್ಸ್ ಬೆಲೆ −1 ಮತ್ತು 2. ನಮ್ಮ ಜಾಗ ಶುರುವಾಗುವುದು, ಮುಗಿಯುವುದು ಇಲ್ಲೇ. ಮಧ್ಯೆ ಯಾವುದು ಮೇಲಿದೆ? ಎಕ್ಸ್ ಜಾಗದಲ್ಲಿ ಸುಮ್ನೆ 0 ಹಾಕಿ ನೋಡಿ. ರೇಖೆ 2ರಲ್ಲಿದೆ, ಪರವಲಯ 0ಯಲ್ಲಿದೆ. ರೇಖೆಯೇ ಮೇಲೆ. ಹಾಗಾಗಿ ಅಂತರ ಎಕ್ಸ್ + 2 − ಎಕ್ಸ್².

ಈ ಜಾಗವನ್ನು ನಿಂತ ಪಟ್ಟಿಗಳಾಗಿ ಸೀಳಿ. ಪ್ರತಿ ಪಟ್ಟಿಯ ಎತ್ತರ ಆ ಜಾಗದ ಅಂತರ, ಅಗಲ ತೀರಾ ಚಿಕ್ಕದು. ಪಟ್ಟಿಗಳು ತೆಳ್ಳಗಾದಷ್ಟೂ ಅವುಗಳ ಮೊತ್ತ ನಿಜವಾದ ವಿಸ್ತೀರ್ಣಕ್ಕೆ ಹತ್ತಿರವಾಗುತ್ತದೆ. ಆ ಮೊತ್ತ ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದನ್ನು ಅನುಕಲನ ಒಂದೇ ಏಟಿಗೆ ಹೇಳುತ್ತದೆ. ಅಂತರವನ್ನು ಅನುಕಲಿಸಿದರೆ ಎಕ್ಸ್²/2 + 2ಎಕ್ಸ್ − ಎಕ್ಸ್³/3 ಸಿಗುತ್ತದೆ. ಇದರಲ್ಲಿ 2 ಹಾಕಿದರೆ 10/3, −1 ಹಾಕಿದರೆ −7/6. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 27/6. ಅಂದರೆ ವಿಸ್ತೀರ್ಣ 4.5 ಚದರ ಮಾನ.

ಈಗ ಎರಡನ್ನೂ ಒಟ್ಟಿಗೆ 4 ಮಾನ ಕೆಳಗೆ ಸರಿಸಿ. ಪರವಲಯ ವೈ = ಎಕ್ಸ್² − 4 ಆಯಿತು, ರೇಖೆ ವೈ = ಎಕ್ಸ್ − 2 ಆಯಿತು. ಇಡೀ ಜಾಗ ಎಕ್ಸ್ ಅಕ್ಷದ ಕೆಳಕ್ಕೆ ಹೋಯಿತು. ಅಕ್ಷದ ಕೆಳಗಿದೆ, ಋಣ ಚಿಹ್ನೆ ಬರುತ್ತದೆ ಅಂತ ಬಹಳ ಮಂದಿ ಗಾಬರಿಯಾಗುವುದು ಇಲ್ಲೇ. ಕಳೆದು ನೋಡಿ: (ಎಕ್ಸ್ − 2) − (ಎಕ್ಸ್² − 4) = ಎಕ್ಸ್ + 2 − ಎಕ್ಸ್². ಅಂತರ ಮೊದಲಿದ್ದದ್ದೇ, ವಿಸ್ತೀರ್ಣವೂ ಅದೇ 4.5. ಎರಡರ ನಡುವಿನ ಅಂತರಕ್ಕೆ ಅಕ್ಷ ಎಲ್ಲಿದೆ ಅನ್ನುವುದರ ಹಂಗಿಲ್ಲ. ಈ ಒಂದು ಮಾತು ಹಿಡಿದರೆ ಅರ್ಧ ಗೊಂದಲ ಹೋಗುತ್ತದೆ ಅಂತ ನನ್ನ ಅನಿಸಿಕೆ.

ನಿಜವಾಗಿ ಎಚ್ಚರ ಬೇಕಿರುವುದು ಬೇರೆ ಕಡೆ. ರೇಖೆ ಮತ್ತು ವಕ್ರರೇಖೆ ನಡುದಾರಿಯಲ್ಲಿ ಮೇಲೆ ಕೆಳಗೆ ಅದಲುಬದಲಾಗುವ ಲೆಕ್ಕಗಳಿರುತ್ತವೆ. ವೈ = ಎಕ್ಸ್³ ಮತ್ತು ವೈ = ಎಕ್ಸ್ ತೆಗೆದುಕೊಳ್ಳಿ. ಇವು −1, 0, 1 ಹೀಗೆ ಮೂರು ಕಡೆ ಸೇರುತ್ತವೆ. −1ರಿಂದ 0ವರೆಗೆ ವಕ್ರರೇಖೆ ಮೇಲೆ, 0ಯಿಂದ 1ರವರೆಗೆ ರೇಖೆ ಮೇಲೆ. −1ರಿಂದ 1ರವರೆಗೆ ಒಂದೇ ಸಲ ಅನುಕಲಿಸಿಬಿಟ್ಟರೆ ಉತ್ತರ 0 ಬರುತ್ತದೆ. ಜಾಗ ಕಣ್ಣೆದುರೇ ಇದೆ, ವಿಸ್ತೀರ್ಣ ಸೊನ್ನೆ ಆಗೋಕೆ ಹೇಗೆ ಸಾಧ್ಯ, ಅಲ್ವಾ? ಎರಡು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಮೇಲಿರುವುದರಿಂದ ಕೆಳಗಿರುವುದನ್ನು ಕಳೆದರೆ 1/4, 1/4. ಒಟ್ಟು 1/2. ಅದಕ್ಕೇ ಲೆಕ್ಕಕ್ಕೆ ಕೈ ಹಾಕುವ ಮುಂಚೆ ಒಂದು ಚಿತ್ರ ಬರೆದುಕೊಳ್ಳಿ. ಒರಟಾಗಿದ್ದರೂ ಪರವಾಗಿಲ್ಲ.

ಪಟ್ಟಿಗಳು ನಿಂತೇ ಇರಬೇಕು ಅಂತಲೂ ಇಲ್ಲ. ಎಕ್ಸ್ = ವೈ² ಅನ್ನುವ ಮಲಗಿದ ಪರವಲಯವನ್ನು ವೈ = ಎಕ್ಸ್ − 2 ಕತ್ತರಿಸಿದಾಗ ಅಡ್ಡ ಪಟ್ಟಿ ಸೀಳುವುದೇ ಸಲೀಸು. ಆಗ ಬಲಗಡೆಯದರಿಂದ ಎಡಗಡೆಯದನ್ನು ಕಳೆಯಬೇಕು. ನಿಂತ ಪಟ್ಟಿಯಲ್ಲಿ ಮಾಡಿದರೆ ಲೆಕ್ಕವನ್ನು ಎರಡು ತುಂಡು ಮಾಡಬೇಕಾಗುತ್ತದೆ. ಉತ್ತರ ಎರಡರಲ್ಲೂ 4.5.

ಪರವಲಯದ ಈ ಲೆಕ್ಕ ಅನುಕಲನಕ್ಕಿಂತ ತುಂಬಾ ಹಳೆಯದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಿರಾಕ್ಯೂಸ್‌ನ ಆರ್ಕಿಮಿಡೀಸ್ ಇದನ್ನು ಬಿಡಿಸಿದ್ದ. ರೇಖೆ ಕತ್ತರಿಸಿದ ಪರವಲಯದ ತುಂಡಿನೊಳಗೆ ಅವನು ಒಂದು ತ್ರಿಕೋನ ಕೂರಿಸಿದ. ತುಂಡಿನ ವಿಸ್ತೀರ್ಣ ಆ ತ್ರಿಕೋನದ 4/3 ಪಟ್ಟು ಅಂತ ಸಾಧಿಸಿ ತೋರಿಸಿದ. ನಮ್ಮ ಲೆಕ್ಕಕ್ಕೆ ಹಚ್ಚಿ ನೋಡೋಣ. −1 ಮತ್ತು 2ರ ಸರಿ ಮಧ್ಯ 1/2. ಅಲ್ಲಿ ರೇಖೆ 2.5ರಲ್ಲಿದೆ, ಪರವಲಯ 0.25ರಲ್ಲಿದೆ, ಅಂತರ 2.25. ಸೇರುವ ಎರಡು ಬಿಂದು ಮತ್ತು ಪರವಲಯದ ಮೇಲಿನ ಈ ಮಧ್ಯಬಿಂದು, ಮೂರನ್ನೂ ಜೋಡಿಸಿದ ತ್ರಿಕೋನದ ವಿಸ್ತೀರ್ಣ 1/2 × 3 × 2.25 = 3.375. ಅದರ 4/3 ಪಟ್ಟು ಸರಿಯಾಗಿ 4.5! ಇದನ್ನು ಎಷ್ಟು ಸಲ ನೋಡಿದರೂ ನನಗೆ ಖುಷಿ ಕಡಿಮೆಯಾಗುವುದಿಲ್ಲ.

ಇದೇ ವಿಚಾರ ಜಮೀನು ಅಳೆಯುವ ಕೆಲಸದಲ್ಲೂ ಇದೆ. ಹೊಲದ ಒಂದು ಅಂಚು ಹಳ್ಳದ ದಡದ ಜೊತೆ ಬಾಗಿಕೊಂಡು ಹೋಗುತ್ತದೆ ಅನ್ನಿ. ಸರಪಳಿ ಸರ್ವೆಯಲ್ಲಿ ಮೊದಲು ಒಂದು ನೇರ ಗೆರೆ ಹಾಕಿಕೊಳ್ಳುತ್ತಾರೆ. ಅದರ ಮೇಲೆ ಸಮ ದೂರಕ್ಕೊಂದರಂತೆ ನಿಂತು ದಡ ಎಷ್ಟು ದೂರ ಇದೆ ಅಂತ ಅಡ್ಡಕ್ಕೆ ಅಳೆಯುತ್ತಾರೆ. ಈ ಅಳತೆಗೆ ಆಫ್‌ಸೆಟ್ ಅಂತ ಹೆಸರು. ಆಫ್‌ಸೆಟ್ ಅಂದರೆ ನಾವು ಇಷ್ಟೊತ್ತು ಮಾತಾಡಿದ ಅಂತರವೇ. ದಡಕ್ಕೆ ಸಮೀಕರಣ ಇಲ್ಲ, ಹಾಗಾಗಿ ನೇರವಾಗಿ ಅನುಕಲಿಸೋಕೆ ಬರುವುದಿಲ್ಲ. ಆಗ ಸಿಂಪ್ಸನ್ ನಿಯಮ ಕೈಹಿಡಿಯುತ್ತದೆ: ಮೊದಲ ಅಂತರ, ಮಧ್ಯದ ಅಂತರದ ನಾಲ್ಕು ಪಟ್ಟು, ಕೊನೆಯ ಅಂತರ, ಮೂರನ್ನೂ ಕೂಡಿ ಒಟ್ಟು ಉದ್ದದ ಆರನೇ ಒಂದು ಭಾಗದಿಂದ ಗುಣಿಸಿ. ನಮ್ಮ ಲೆಕ್ಕದಲ್ಲಿ ಅದು 3/6 × (0 + 4 × 2.25 + 0), ಮತ್ತೆ 4.5. ಬಾಗು ಪರವಲಯದ್ದೇ ಆಗಿದ್ದರೆ ಈ ನಿಯಮದ ಉತ್ತರ ಕರಾರುವಾಕ್ಕು. ಬೇರೆ ಬಾಗುಗಳಿಗೆ ಅಳತೆ ಹತ್ತಿರ ಹತ್ತಿರ ತೆಗೆದುಕೊಂಡಷ್ಟೂ ಉತ್ತರ ಸಾಮಾನ್ಯವಾಗಿ ನಿಖರವಾಗುತ್ತದೆ.

ಆದಾಯದ ಹಂಚಿಕೆ ಎಷ್ಟು ಅಸಮ ಅಂತ ಅಳೆಯುವ ಅರ್ಥಶಾಸ್ತ್ರದ ಗಿನಿ ಸೂಚ್ಯಂಕವೂ ಇಂಥದ್ದೇ ಒಂದು ವಿಸ್ತೀರ್ಣದಿಂದ ಬರುತ್ತದೆ. ಜನರನ್ನು ಬಡವರಿಂದ ಶ್ರೀಮಂತರವರೆಗೆ ಸಾಲಾಗಿ ನಿಲ್ಲಿಸಿ, ಒಟ್ಟು ಆದಾಯದಲ್ಲಿ ಅವರ ಪಾಲನ್ನು ಕೂಡಿಸುತ್ತಾ ಹೋದರೆ ಒಂದು ಬಾಗಿದ ಗೆರೆ ಬರುತ್ತದೆ; ಎಕ್ಸ್ ಅಂದರೆ ಜನರ ಪಾಲು, ವೈ ಅಂದರೆ ಆದಾಯದ ಪಾಲು, ಎರಡೂ 0ಯಿಂದ 1ರವರೆಗೆ. 1905ರಲ್ಲಿ ಇದನ್ನು ಮುಂದಿಟ್ಟವರು ಅಮೆರಿಕದ ಮ್ಯಾಕ್ಸ್ ಲೊರೆನ್ಜ್. ಎಲ್ಲರ ಆದಾಯವೂ ಒಂದೇ ಆಗಿದ್ದರೆ ಅದು ವೈ = ಎಕ್ಸ್ ಅನ್ನುವ ನೇರ ರೇಖೆ ಆಗಿರುತ್ತಿತ್ತು. ಈ ರೇಖೆಗೂ ಆ ಬಾಗಿಗೂ ನಡುವಿನ ವಿಸ್ತೀರ್ಣವನ್ನು ಎರಡರಿಂದ ಗುಣಿಸಿದರೆ ಸಿಗುವುದೇ ಗಿನಿ ಸೂಚ್ಯಂಕ. ಇಟಲಿಯ ಕೊರ್ರಾಡೊ ಗಿನಿ ಅವರ ಹೆಸರು ಅದಕ್ಕಿದೆ. ಒಂದು ಊರಿನ ಬಾಗು ವೈ = ಎಕ್ಸ್² ಆಗಿದ್ದರೆ, 0ಯಿಂದ 1ರವರೆಗೆ ವಿಸ್ತೀರ್ಣ 1/2 − 1/3 = 1/6, ಸೂಚ್ಯಂಕ 1/3. ಬಾಗು ರೇಖೆಯಿಂದ ಕೆಳಕ್ಕೆ ಜೋತಷ್ಟೂ ಈ ಸಂಖ್ಯೆ 1ರ ಕಡೆಗೆ ಏರುತ್ತದೆ, ಅಂದರೆ ಆದಾಯದ ಹಂಚಿಕೆಯಲ್ಲಿ ತಾರತಮ್ಯ ಜಾಸ್ತಿ.