ಡ್ರ್ಯಾಗನ್ ಕ್ವೆಸ್ಟ್ 11: ಇಷ್ಟು ನಿಧಾನದ ಆಟಕ್ಕೆ ದುಡ್ಡು ಹಾಕಬಹುದಾ?

ಪ್ರಶ್ನೆ: ‘ಡ್ರ್ಯಾಗನ್ ಕ್ವೆಸ್ಟ್ 11 ತಗೋ, ಇಂಥ ಆಟ ನೀನು ಆಡೇ ಇರಲ್ಲ ಅಂತ ಒಬ್ಬ ಸ್ನೇಹಿತ ಹೇಳ್ತಾನೆ. ಅಯ್ಯೋ, ಹಳೇ ಕಾಲದ್ದು, ನಿದ್ದೆ ಬರುತ್ತೆ ಅಂತ ಇನ್ನೊಬ್ಬ. ನಾನು ಮೊಬೈಲಿನಲ್ಲಿ ಗುಂಡು ಹಾರಿಸೋ ಆಟ ಆಡಿಕೊಂಡು ಬಂದವನು. ಕೆಲಸ ಮುಗಿಸಿ ಮನೆಗೆ ಬಂದರೆ ದಿನಕ್ಕೆ ಒಂದು ಗಂಟೆ ಬಿಡುವು ಸಿಕ್ಕರೆ ಹೆಚ್ಚು. ನೂರು ಗಂಟೆಯ ಆಟಕ್ಕೆ ದುಡ್ಡು ಹಾಕಬಹುದಾ?’
– ಹಾಸನದ ಓದುಗರು

ಉತ್ತರ: ಜಪಾನಿನ ಈ ಕಥಾಪ್ರಧಾನ ವಿಡಿಯೊ ಗೇಮ್ ಬಗ್ಗೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ನಿಮ್ಮ ಇಬ್ಬರು ಸ್ನೇಹಿತರೂ ಹೇಳಿದ್ದು ನಿಜ ಅನ್ನೋದೇ ತಮಾಷೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಒಂದೇ ಗಂಟೆ ಸಿಗುತ್ತದೆ ಅನ್ನೋದು ಈ ಆಟಕ್ಕೆ ಅಡ್ಡಿಯಲ್ಲ. ಭಾನುವಾರ ಬೆಳಗ್ಗೆ ಕೂತು ರಾತ್ರಿಯೊಳಗೆ ಅರ್ಧ ಮುಗಿಸುತ್ತೇನೆ ಅಂತ ಹೊರಟವರಿಗೇ ಇದು ಸಪ್ಪೆ ಅನಿಸುವುದು. ನಾನು ಚಿಕ್ಕಮಗಳೂರಿನ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಇದನ್ನು ಆಡಿದೆ. ಜೂನ್‌ನಲ್ಲಿ ಶುರು ಮಾಡಿದ್ದು, ಮುಗಿಯುವಾಗ ದಸರಾ ಬಂದಿತ್ತು. ‘ಇನ್ನೂ ಅದೇ ಕುದುರೆ ಮೇಲೆ ಓಡ್ತಿದ್ದೀಯೇನೋ?’ ಅಂತ ಅಮ್ಮ ವಾರಕ್ಕೊಮ್ಮೆ ಕೇಳುತ್ತಿದ್ದಳು.

ಸ್ವಲ್ಪ ಹಿನ್ನೆಲೆ ಗೊತ್ತಿರಲಿ. ಮೊದಲ ಡ್ರ್ಯಾಗನ್ ಕ್ವೆಸ್ಟ್ ಜಪಾನಿನಲ್ಲಿ ಬಂದಿದ್ದು 1986ರ ಮೇ ತಿಂಗಳಲ್ಲಿ, ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನೋ ಗೇಮ್ ಯಂತ್ರದ ಮೇಲೆ. ಕಥೆ ಯೂಜಿ ಹೊರಿಯಿ ಅವರದು. ಚಿತ್ರಗಳು ಅಕಿರಾ ತೋರಿಯಾಮಾ ಅವರವು. ಅವರದೇ ಡ್ರ್ಯಾಗನ್ ಬಾಲ್ ಕಾರ್ಟೂನ್ ನೋಡಿದವರಿಗೆ ಆ ಕೈ ತಕ್ಷಣ ಗುರುತು ಸಿಗುತ್ತದೆ. ಸಂಗೀತ ಕೊಯಿಚಿ ಸುಗಿಯಾಮಾ ಅವರದು. ಈ ಮೂವರ ಜೋಡಿ 30 ವರ್ಷ ದಾಟಿ 11ನೇ ಕಂತಿನವರೆಗೂ ಹಾಗೇ ಬಂತು. 11 ಜಪಾನಿನಲ್ಲಿ 2017ರ ಜುಲೈನಲ್ಲಿ, ಹೊರದೇಶಗಳಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಬಂತು. ಸುಗಿಯಾಮಾ 2021ರಲ್ಲಿ, ತೋರಿಯಾಮಾ 2024ರಲ್ಲಿ ತೀರಿಕೊಂಡರು. ಮೂವರೂ ಬದುಕಿದ್ದಾಗ ಹೊರಬಂದ ಕೊನೆಯ ಮುಖ್ಯ ಕಂತು ಇದೇ.

ಸ್ಲೈಮ್ ಅನ್ನೋ ಶತ್ರುವನ್ನು ಎಲ್ಲಾದರೂ ನೋಡಿರುತ್ತೀರಿ. ನೀಲಿ ಬಣ್ಣದ ಮೋದಕಕ್ಕೆ ನಗುಮುಖ ಬರೆದ ಹಾಗಿರುತ್ತದೆ. 1986ರಿಂದ ಅದರ ನಗು ಬದಲಾಗಿಲ್ಲ. ಈ ಸರಣಿಯ ಹಟ ಎಂಥದ್ದು ಅಂತ ಗೊತ್ತಾಗಬೇಕಾದರೆ ಆ ಸ್ಲೈಮ್ ನೋಡಿದರೆ ಸಾಕು. ಬೇರೆಯವರೆಲ್ಲ ಕಾಲಕ್ಕೆ ತಕ್ಕ ಹಾಗೆ ಬದಲಾದರು, ಇವರು ಮಾತ್ರ ಬೇಡ ಅಂದರು. ಆಟದಲ್ಲಿ ನಿಮಗೆ ಹಿಡಿಸುವುದೂ ಸಿಟ್ಟು ಬರಿಸುವುದೂ ಎರಡೂ ಈ ಹಟದಿಂದಲೇ ಬಂದವು.

ಕಥೆ ಶುರುವಾಗುವುದು ಕಾಬಲ್‌ಸ್ಟೋನ್ ಅನ್ನೋ ಪುಟ್ಟ ಹಳ್ಳಿಯಲ್ಲಿ. ವಯಸ್ಸಿಗೆ ಬಂದ ಹುಡುಗ, ಹುಡುಗಿ ಊರ ಬಂಡೆಬೆಟ್ಟ ಹತ್ತಿ ಪ್ರಾರ್ಥಿಸಬೇಕು ಅನ್ನೋ ಪದ್ಧತಿ. ಹತ್ತಿ ಇಳಿಯುವಷ್ಟರಲ್ಲಿ ನೀವೇ ಲೋಕ ಕಾಯುವ ವೀರ ಅಂತ ತಿಳಿಯುತ್ತದೆ. ಸರಿ, ರಾಜನ ಹತ್ತಿರ ಹೋಗಿ ಹೇಳಿದರೆ ಸನ್ಮಾನ ಆಗುತ್ತೆ ಅಂದುಕೊಂಡರೆ ಅವನು ನಿಮ್ಮನ್ನೇ ಕೇಡಿಗ ಅಂತ ಕತ್ತಲಕೋಣೆಗೆ ಹಾಕಿಸುತ್ತಾನೆ. ಅಲ್ಲಿ ಎರಿಕ್ ಅನ್ನೋ ಕಳ್ಳ ಜೊತೆಯಾಗುತ್ತಾನೆ. ಇಬ್ಬರೂ ಜಲಪಾತದಿಂದ ಹಾರಿ ತಪ್ಪಿಸಿಕೊಳ್ಳುತ್ತಾರೆ. ಇಷ್ಟಕ್ಕೇ ಮೂರು ನಾಲ್ಕು ಗಂಟೆ ಆಗಿರುತ್ತದೆ. ಆಮೇಲೆ ಒಂದೊಂದೇ ಊರು, ಒಂದೊಂದು ಊರಿಗೂ ಒಂದೊಂದು ತಾಪತ್ರಯ.

ಹೊಡೆದಾಟ ಸರದಿ ಪ್ರಕಾರ. ಗುಂಡು ಹಾರಿಸಿ ಬಂದ ನಿಮ್ಮ ಕೈಗೆ ಮೊದಲು ಒಗ್ಗಬೇಕಾದ್ದು ಇದೇ. ಚೌಕಾಬಾರ ನೆನಪಿಸಿಕೊಳ್ಳಿ. ಕವಡೆ ಹಾಕಿ, ಯಾವ ಕಾಯಿ ನಡೆಸಲಿ ಅಂತ ಯೋಚಿಸುವವರೆಗೆ ಎದುರಿನವರು ಕಾಯುತ್ತಾರೆ. ಇಲ್ಲೂ ಹಾಗೇ. ನೀವು ಮಾಡಿ ಅಂದ ಮೇಲೆಯೇ ನಿಮ್ಮವರು ಕತ್ತಿ ಎತ್ತುವುದು. ಮಧ್ಯೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರೂ ಯಾರೂ ಸಾಯುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಇದೆಷ್ಟು ದೊಡ್ಡ ಉಪಕಾರ ಗೊತ್ತಾ?

ಎರಿಕ್‌ನ ಉದಾಹರಣೆಯನ್ನೇ ತಗೊಳ್ಳಿ. ಬರೀ ಚಾಕು ಬೀಸಿದರೆ ಅವನ ಪೆಟ್ಟು ಅಷ್ಟಕ್ಕಷ್ಟೆ. ಆದರೆ ಮೊದಲು ಶತ್ರುವಿಗೆ ವಿಷ ಹತ್ತಿಸಿ ಅಥವಾ ನಿದ್ದೆ ಬರಿಸಿ. ಮುಂದಿನ ಸರದಿಯಲ್ಲಿ ವಿಕ್ಟಿಮೈಸರ್ ಅನ್ನೋ ಪಟ್ಟು ಹಾಕಿದರೆ ಹಾನಿ ಹಲವು ಪಟ್ಟು ಹೆಚ್ಚುತ್ತದೆ. ಮುಂದೆ ಅವನು ತನ್ನ ಪ್ರತಿರೂಪಗಳನ್ನು ಮಾಡಿಕೊಳ್ಳುವ ವಿದ್ಯೆಯನ್ನೂ ಕಲಿಯುತ್ತಾನೆ. ಅದೂ ಇದೂ ಸೇರಿದರೆ, ಹತ್ತು ನಿಮಿಷದಿಂದ ಕಾಟ ಕೊಡುತ್ತಿದ್ದ ದೈತ್ಯ ಧೊಪ್ಪನೆ ಬೀಳುತ್ತಾನೆ. ಸುಮ್ನೆ ಒಂದೇ ಗುಂಡಿ ಒತ್ತಿದರೆ ಸಾಕು ಅನ್ನುವವರು ಈ ಲೆಕ್ಕಾಚಾರಕ್ಕೆ ಕೈ ಹಾಕಿರುವುದೇ ಇಲ್ಲ.

ಹಾಗೆ ನೋಡಿದರೆ ತಪ್ಪು ಪೂರ್ತಿ ಅವರದ್ದೂ ಅಲ್ಲ. ಮಾಮೂಲಿ ಮಟ್ಟದಲ್ಲಿ ಈ ಆಟ ಜಾಸ್ತಿಯೇ ಸುಲಭ. ಮೊದಲ 20 ಗಂಟೆ ಒಂದೇ ಗುಂಡಿ ಒತ್ತಿಕೊಂಡೇ ದಾಟಬಹುದು. ನನ್ನ ದೊಡ್ಡ ದೂರು ಇದೇ. ಇದಕ್ಕೆ ಮದ್ದೂ ಅಲ್ಲೇ ಇದೆ. ಶುರುವಿನಲ್ಲಿ ಡ್ರಕೋನಿಯನ್ ಕ್ವೆಸ್ಟ್ ಅಂತ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ‘ಬಲವಾದ ಶತ್ರುಗಳು’ ಅನ್ನೋದನ್ನು ಮಾತ್ರ ಆರಿಸಿಕೊಳ್ಳಿ. ಕವಚ ತೊಡುವ ಹಾಗಿಲ್ಲ, ಅಂಗಡಿಯಲ್ಲಿ ಕೊಳ್ಳುವ ಹಾಗಿಲ್ಲ ಅನ್ನೋ ಷರತ್ತುಗಳೂ ಇವೆ, ಅವು ನಮ್ಮಂಥವರಿಗಲ್ಲ. ಒಂದು ಎಚ್ಚರ: ಇದನ್ನು ಶುರುವಿನಲ್ಲಷ್ಟೇ ಆರಿಸಬಹುದು. ಕಷ್ಟ ಅನಿಸಿದರೆ ಮಧ್ಯೆ ತೆಗೆಯಬಹುದು, ಆಮೇಲೆ ಮತ್ತೆ ಸೇರಿಸಲಾಗದು. ಹಾಗಾಗಿ ಈಗಲೇ ಹೇಳುತ್ತಿದ್ದೇನೆ.

ಮಾಮೂಲಿ ಮಟ್ಟ ಇಷ್ಟು ಸುಲಭ ಇರೋದರಲ್ಲಿ ಒಂದು ಲಾಭ ಮಾತ್ರ ಇದೆ. ಗ್ರೈಂಡಿಂಗ್ ಕಡಿಮೆ. ಗ್ರೈಂಡಿಂಗ್ ಅಂದರೆ ನಮ್ಮೂರಲ್ಲಿ ಕಾಫಿ ಬೀಜ ಪುಡಿ ಮಾಡೋದು. ಗೇಮ್ ಆಡುವವರ ಭಾಷೆಯಲ್ಲಿ, ಬಲ ಹೆಚ್ಚಿಸಿಕೊಳ್ಳಲು ಅದೇ ಶತ್ರುಗಳನ್ನು ಮತ್ತೆ ಮತ್ತೆ ಹೊಡೆಯುವುದು. ಹಳೇ ಕಂತುಗಳಲ್ಲಿ ಇದು ಹಿಂಸೆಯಾಗಿತ್ತು. 11ರಲ್ಲಿ ಶತ್ರುಗಳು ಬಯಲಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಓಡಾಡಿಕೊಂಡಿರುತ್ತವೆ. ಬೇಡ ಅನಿಸಿದರೆ ಬಳಸಿಕೊಂಡು ಹೋಗಬಹುದು. ಮೆಟಲ್ ಸ್ಲೈಮ್ ಸಿಕ್ಕರೆ ಮಾತ್ರ ಬಿಡಬೇಡಿ. ಅದಕ್ಕೆ ಇರುವ ಜೀವ ಚೂರೇ ಚೂರು, ಆದರೆ ಮೈ ಕಬ್ಬಿಣ. ಹೊಡೆದರೆ ಒಂದೋ ಎರಡೋ ಪಾಯಿಂಟ್ ಇಳಿಯುತ್ತದೆ, ಅಷ್ಟರಲ್ಲಿ ಓಡಿಹೋಗುತ್ತದೆ. ಕೊಂದರೆ ಒಂದೇ ಏಟಿಗೆ ರಾಶಿ ಅನುಭವ, ಅಂದರೆ ಬಲ ಹೆಚ್ಚಿಸುವ ಅಂಕ, ಸಿಗುತ್ತದೆ. ಎದುರಿಗೇ ಇದ್ದದ್ದು ಸರಕ್ಕನೆ ಮಾಯವಾದಾಗ ನಾನು ಹಾಕಿದ ಬೈಗುಳವನ್ನು ಇಲ್ಲಿ ಬರೆಯಲಾರೆ.

ನನಗೆ ಈ ಆಟ ಹಿಡಿಸಿದ್ದು ಹೊಡೆದಾಟಕ್ಕಲ್ಲ, ಊರುಗಳಿಗೆ. ಒಂದನ್ನು ಹೇಳುತ್ತೇನೆ. ಸಮುದ್ರದ ನಡುವೆ ಒಬ್ಬ ಮತ್ಸ್ಯಕನ್ಯೆ ಸಿಗುತ್ತಾಳೆ, ಹೆಸರು ಮಿಶೆಲ್. ಲೋನಲುಲು ಅನ್ನೋ ಮೀನುಗಾರರ ಊರಿನ ಒಬ್ಬನಿಗಾಗಿ ಕಾಯುತ್ತಿದ್ದಾಳೆ. ಬರುತ್ತೇನೆ ಅಂದಿದ್ದ, ಬಂದಿಲ್ಲ, ನೋಡಿಕೊಂಡು ಬನ್ನಿ ಅನ್ನುತ್ತಾಳೆ. ಊರಿಗೆ ಹೋಗಿ ವಿಚಾರಿಸಿದರೆ ಅವನು ಸತ್ತು ಎಷ್ಟೋ ವರ್ಷ ಆಗಿದೆ. ಮತ್ಸ್ಯಕನ್ಯೆಯರ ಆಯಸ್ಸು ಬೇರೆ, ಮನುಷ್ಯರ ಆಯಸ್ಸು ಬೇರೆ, ಅವಳಿಗೆ ಕಾಲ ಸರಿದದ್ದೇ ಗೊತ್ತಾಗಿಲ್ಲ. ವಾಪಸ್ ಬಂದಾಗ ಆಟ ನಿಮ್ಮನ್ನೇ ಕೇಳುತ್ತದೆ: ನಿಜ ಹೇಳುತ್ತೀರಾ, ಸುಳ್ಳು ಹೇಳುತ್ತೀರಾ?

ನಾನು ನಿಜ ಹೇಳಿದೆ. ಅದರ ಬೆಲೆಯನ್ನು ಅವಳು ತೆತ್ತಳು. ಆ ರಾತ್ರಿ ಮುಂದೆ ಆಡಲು ಮನಸ್ಸಾಗದೆ ಟಿವಿ ಆರಿಸಿ ಮಲಗಿದೆ. ಎರಡರಲ್ಲಿ ಏನೇ ಹೇಳಿದರೂ ಮುಖ್ಯ ಕಥೆ ಒಂದೇ ದಾರಿಯಲ್ಲಿ ಹೋಗುತ್ತದೆ, ಬಹುಮಾನವೂ ಹೆಚ್ಚು ಕಡಿಮೆ ಆಗುವುದಿಲ್ಲ. ಹಾಗಾದರೆ ಆಯ್ಕೆ ಯಾಕೆ ಅಂತ ಕೆಲವರು ಆಕ್ಷೇಪಿಸುತ್ತಾರೆ. ಲಾಭವೂ ಇಲ್ಲ ನಷ್ಟವೂ ಇಲ್ಲ ಅಂತಾದಾಗ ಮನಸ್ಸಿಗೆ ಸರಿ ಅನಿಸಿದ್ದನ್ನೇ ಮಾಡುತ್ತೇವೆ ಅಲ್ವಾ? ನನಗಂತೂ ಅದು ತಪ್ಪಾಗಿ ಕಾಣಲಿಲ್ಲ.

ಜೊತೆಗಾರರೂ ಅಷ್ಟೇ. ಸರ್ಕಸ್ ಕಲಾವಿದ ಸಿಲ್ವಾಂಡೊನನ್ನು ಮೊದಲು ನೋಡಿದಾಗ ಇವನೊಬ್ಬ ಜೋಕರ್ ಅನಿಸುತ್ತದೆ. ಲೋಕವನ್ನು ನಗಿಸಬೇಕು ಅನ್ನೋದೇ ಅವನ ಗುರಿ. ಲೋಕಕ್ಕೆ ನಗುವುದೇ ಮರೆತುಹೋದಾಗಲೂ ಅವನು ಅದನ್ನು ಬಿಡುವುದಿಲ್ಲ. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ವೀರ ಅವನೇ. ಯಾಕೆಂದರೆ ಹೆಸರಿಗೆ ವೀರನಾದ ನೀವು ಬಾಯಿ ಬಿಡುವುದೇ ಇಲ್ಲ! ಸರಣಿಯ ಹಳೇ ಪದ್ಧತಿ ಇದು, ನಾಯಕ ಮಾತಾಡಬಾರದು. ಬರೀ ಅಕ್ಷರಗಳಿದ್ದ ಕಾಲಕ್ಕೆ ಅದು ಸರಿ. ಈಗ ಎಲ್ಲರೂ ದನಿಯಲ್ಲಿ ಮಾತಾಡುತ್ತಾರೆ, ಕಣ್ಣೀರು ಹಾಕುತ್ತಾರೆ. ಹಳ್ಳಿಗೇ ಬೆಂಕಿ ಬಿದ್ದರೂ ನಾಯಕ ಮಾತ್ರ ಗಂಟಲು ಕಟ್ಟಿದವನ ಹಾಗೆ ಸುಮ್ಮನೆ ನಿಂತಿರುತ್ತಾನೆ.

ಇನ್ನು ಉಳಿದ ಕೊರತೆಗಳು. ಬೇಗ ಬೇಗ ಹೇಳಿ ಮುಗಿಸುತ್ತೇನೆ. ಬಯಲಲ್ಲಿ ಓಡುವಾಗಿನ ಟ್ಯೂನ್ ಚೆನ್ನಾಗಿದೆ, ಆದರೆ 50ನೇ ಗಂಟೆಯಲ್ಲೂ ಅದೇ ಟ್ಯೂನ್. ನಾನು ಕೊನೆಗೆ ಸಂಗೀತ ತಗ್ಗಿಸಿ ಹೊರಗಿನ ಮಳೆ ಸದ್ದನ್ನೇ ಕೇಳಿಕೊಂಡು ಆಡಿದೆ. ಹೆಂಗಸರ ವಿಷಯದಲ್ಲಿ ಕೆಲವು ಹಾಸ್ಯ 1980ರ ದಶಕದಲ್ಲೇ ಉಳಿದುಬಿಟ್ಟಿವೆ, ಮನೆಮಂದಿ ಮುಂದೆ ಮುಜುಗರವಾಗುತ್ತದೆ. ಶತ್ರುಗಳಲ್ಲಿ ಬಹಳಷ್ಟು ಬರೀ ಬಣ್ಣ ಬದಲಿಸಿದವು. ಹಾಸನದವರಿಗೆ ಹೇಳಬೇಕಾಗಿಲ್ಲ, ಹಳೇಬೀಡಿನ ಗೋಡೆಯ ಆನೆ ಸಾಲಿನಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಇಲ್ಲಿ ದೈತ್ಯ ಅದೇ, ಮೊದಲು ಕೆಂಪಗಿದ್ದ, ಈಗ ನೇರಳೆ.

ಕಥೆ ಮೂರು ಭಾಗ. ನಡುವಿನ ಭಾಗ ಅದ್ಭುತ. ಒಂದು ದೊಡ್ಡ ಅನಾಹುತ ಆಗುತ್ತದೆ, ಯಾರೋ ಒಬ್ಬರನ್ನು ಕಳೆದುಕೊಳ್ಳುತ್ತೀರಿ. ಯಾರು ಅಂತ ಹೇಳುವುದಿಲ್ಲ. ಇಷ್ಟು ಮುದ್ದು ಬಣ್ಣದ ಆಟ ಇಷ್ಟು ನೋಯಿಸಬಹುದು ಅಂತ ನಾನು ಅಂದುಕೊಂಡಿರಲಿಲ್ಲ. ಅಂತಿಮ ಹೆಸರುಗಳ ಸಾಲು ತೆರೆಯ ಮೇಲೆ ಬಂದ ಮೇಲೂ ಮೂರನೇ ಭಾಗ ಅಂತ ಒಂದಿದೆ. ಆಟದ ದೃಷ್ಟಿಯಿಂದ ಅದು ಗಟ್ಟಿ, ಕಠಿಣ ಶತ್ರುಗಳೆಲ್ಲ ಅಲ್ಲೇ ಇರುವುದು. ಕಥೆಯ ದೃಷ್ಟಿಯಿಂದ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅಷ್ಟು ಅಳಿಸಿ, ಆಮೇಲೆ ಬಂದು ಕಣ್ಣೀರು ವಾಪಸ್ ಕೊಡಿ ಅಂದ ಹಾಗಿದೆ. ಈ ವಿಷಯದಲ್ಲಿ ಅಭಿಮಾನಿಗಳು ಇಂದಿಗೂ ಜಗಳ ಆಡುತ್ತಾರೆ. ನಿಮ್ಮ ನೂರು ಗಂಟೆಯ ಲೆಕ್ಕ ಈ ಭಾಗವನ್ನೂ ಸೇರಿಸಿದ್ದು. ಎರಡನೇ ಭಾಗಕ್ಕೇ ನಿಲ್ಲಿಸಿದರೆ ಹೆಚ್ಚು ಕಡಿಮೆ 60 ಗಂಟೆಯಲ್ಲಿ ಮುಗಿಯುತ್ತದೆ. ಹಾಗೆ ನಿಲ್ಲಿಸಿದರೂ ಕಥೆ ಪೂರ್ತಿಯಾದ ಹಾಗೇ ಇರುತ್ತದೆ.

ನಮ್ಮ ಕಡೆಯವರಿಗೇ ಇರುವ ಎರಡು ತೊಂದರೆ ಇವೆ. ಮೊದಲನೆಯದು ಕರೆಂಟು. ಈ ಆಟದಲ್ಲಿ ನೀವಾಗಿ ಸೇವ್ ಮಾಡಬೇಕಾದರೆ ಚರ್ಚ್, ದೇವಿಯ ಪ್ರತಿಮೆ ಅಥವಾ ಬಿಡಾರ ಹೂಡುವ ಜಾಗಕ್ಕೇ ಹೋಗಬೇಕು. ತಾನಾಗಿ ಸೇವ್ ಆಗುವುದೂ ಉಂಟು, ಆದರೆ ಹೊಡೆದಾಟದ ನಡುವೆ ಆಗುವುದಿಲ್ಲ. ಮರಳುಗಾಡಿನ ದೊಡ್ಡ ಚೇಳಿನ ಜೊತೆ ನಾನು ಗುದ್ದಾಡುತ್ತಿದ್ದೆ. ಅದಕ್ಕಿನ್ನು ಎರಡೇ ಏಟು ಬಾಕಿ ಅಂತ ಕಾಣುತ್ತಿತ್ತು. ಹೊರಗೆ ಎಲ್ಲೋ ಸಿಲ್ವರ್ ಓಕ್ ಕೊಂಬೆ ಮುರಿದ ಸದ್ದು, ಒಳಗೆ ಕತ್ತಲೆ. ಮಾರನೇ ದಿನ ಮತ್ತೆ ಅದೇ ಮರಳುಗಾಡು. ಅವತ್ತಿಂದ ಲ್ಯಾಪ್‌ಟಾಪ್‌ಗೆ ಬದಲಾಯಿಸಿದೆ, ಬ್ಯಾಟರಿ ಇರುತ್ತದಲ್ಲ. ಟಿವಿಗೆ ಜೋಡಿಸಿ ಆಡುವ ಪಿಎಸ್4 (ಪ್ಲೇಸ್ಟೇಷನ್ 4) ಇದ್ದರೆ ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ದೊಡ್ಡ ಶತ್ರುವಿನ ತಂಟೆಗೆ ಹೋಗಬೇಡಿ.

ಎರಡನೆಯದು ಭಾಷೆ. ಕನ್ನಡ ಇರಲಿ, ಭಾರತದ ಯಾವ ಭಾಷೆಯೂ ಇದರಲ್ಲಿ ಇಲ್ಲ. ಇಂಗ್ಲಿಷ್ ಅನುವಾದ ಮಾಡಿದವರು ಬಹಳ ಜಾಣರು, ಒಂದೊಂದು ಊರಿಗೆ ಒಂದೊಂದು ಧಾಟಿ ಕೊಟ್ಟಿದ್ದಾರೆ. ಬಿಸಿನೀರ ಬುಗ್ಗೆಗಳ ಊರು ಹಾಟ್ಟೊ. ಅಲ್ಲಿಯ ಜನ ಹೈಕು ಪದ್ಯದಲ್ಲೇ ಮಾತಾಡುತ್ತಾರೆ. ಇನ್ನೊಂದು ಊರಿನವರದು ಇಟಲಿಯವರ ಇಂಗ್ಲಿಷ್. ಹಾಸನದ ಮಾತು, ಶೃಂಗೇರಿ ಕಡೆಯ ಮಾತು ಬೇರೆ ಬೇರೆ ಇಲ್ಲವೇ, ಹಾಗೆ. ಅಭ್ಯಾಸ ಇದ್ದವರಿಗೆ ಇದು ಹಬ್ಬ. ಇಂಗ್ಲಿಷ್ ನಿಧಾನಕ್ಕೆ ಓದುವವರಿಗೆ, ಅದರಲ್ಲೂ ಮಕ್ಕಳಿಗೆ, ತಲೆನೋವು. ಮಾತು ನೀವು ಗುಂಡಿ ಒತ್ತುವವರೆಗೆ ಕಾಯುತ್ತದೆ ಅನ್ನೋದೊಂದೇ ಸಮಾಧಾನ.

ಯಾವುದನ್ನು ಕೊಳ್ಳುವುದು? 2019ರಲ್ಲಿ ನಿಂಟೆಂಡೊದ ಸ್ವಿಚ್ ಅನ್ನೋ ಗೇಮ್ ಯಂತ್ರಕ್ಕೆ, 2020ರ ಡಿಸೆಂಬರ್‌ನಲ್ಲಿ ಪಿಸಿ, ಪಿಎಸ್4, ಎಕ್ಸ್‌ಬಾಕ್ಸ್‌ಗೆ ಬಂದ ಡೆಫಿನಿಟಿವ್ ಎಡಿಷನ್ ತಗೊಳ್ಳಿ. ಮೊದಲ ಆವೃತ್ತಿಯಲ್ಲಿ ಸಂಗೀತ ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯದ ಹಾಗೆ ಕೇಳುತ್ತಿತ್ತು. ಇದರಲ್ಲಿ ಟೋಕಿಯೊ ಮೆಟ್ರೊಪಾಲಿಟನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ್ದಾರೆ. ಹೊಡೆದಾಟದ ವೇಗ ಹೆಚ್ಚಿಸಿಕೊಳ್ಳಬಹುದು, ದಿನಕ್ಕೆ ಒಂದೇ ಗಂಟೆ ಸಿಗುವವರಿಗೆ ಇದೇ ಮುಖ್ಯ. ಚಿತ್ರ ಮಾತ್ರ ಮೊದಲಿನ ಪಿಸಿ ಆವೃತ್ತಿಗಿಂತ ಚೂರು ಮಂಕು, ಸ್ವಿಚ್‌ಗೆ ಇಳಿಸಿದ್ದನ್ನೇ ಮತ್ತೆ ತಂದಿದ್ದಾರೆ. ಪಕ್ಕದಲ್ಲಿ ಇಟ್ಟು ನೋಡದಿದ್ದರೆ ಗೊತ್ತಾಗುವುದಿಲ್ಲ.

ದುಡ್ಡು ಹಾಕುವ ಮೊದಲು ಡೆಮೊ ಇಳಿಸಿಕೊಳ್ಳಿ, ಅದು ಪುಕ್ಕಟೆ. ಸುಮಾರು 10 ಗಂಟೆ ಆಡಬಹುದು, ಆಮೇಲೆ ಕೊಂಡರೆ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯುತ್ತದೆ. ನಿಮ್ಮ ಲೆಕ್ಕದಲ್ಲಿ ಅದೇ ಹತ್ತು ರಾತ್ರಿ ಆಯಿತು. ಆರನೇ ಏಳನೇ ರಾತ್ರಿಯ ಹೊತ್ತಿಗೆ, ಕೆಲಸದ ಮಧ್ಯೆ, ಮುಂದಿನ ಊರಿನಲ್ಲಿ ಏನಿರಬಹುದು ಅಂತ ಒಮ್ಮೆಯಾದರೂ ನೆನಪಾದರೆ ಕೊಂಡುಬಿಡಿ. ಆಗದಿದ್ದರೆ ನಿಮ್ಮ ಎರಡನೇ ಸ್ನೇಹಿತನ ಮಾತೇ ನಿಮಗೆ ಸರಿ. ಡ್ರಕೋನಿಯನ್ ಪಟ್ಟಿಯಲ್ಲಿ ಬಲವಾದ ಶತ್ರುಗಳನ್ನು ಡೆಮೊ ಶುರುವಿನಲ್ಲೇ ಆರಿಸಿಕೊಳ್ಳಲು ಮರೆಯಬೇಡಿ.